ಓದುಬರಹ ಬಲ್ಲ ದೆವ್ವಗಳು

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಗಲ್ಲಿಗಳಲ್ಲೂ ಸುತ್ತಲ ಹಳ್ಳಿಗಳಲ್ಲೂ ಬಾಗಿಲ ಮೇಲೆ ಸೀಮೆಸುಣ್ಣದಲ್ಲೋ ಇದ್ದಿಲಿನಲ್ಲೋ ‘ನಾಳೆ ಬಾ’ ಎಂದು ಬರೆದಿದ್ದನ್ನು ನೋಡಿದವರು ಇನ್ನೂ ಬೇಕಾದಷ್ಟು ಮಂದಿ ಇದ್ದಾರೆ. ಹೆಣ್ಣು ದೆವ್ವವೊಂದು ರಾತ್ರಿ ಬೀದಿ ಬೀದಿ ಅಲೆಯುತ್ತದೆ, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕೂಗುತ್ತದೆ, ಓಗೊಟ್ಟು ಬಾಗಿಲು ತೆಗೆದವರ ಕಥೆ ಅಲ್ಲಿಗೆ ಮುಗಿಯಿತು ಎಂದು ಗುಲ್ಲು. ಬಾಗಿಲ ಮೇಲೆ ಈ ಎರಡು ಪದ ಬರೆದಿಟ್ಟರೆ ಮಾತ್ರ ಓದಿಕೊಂಡು ಹೋಗಿಬಿಡುತ್ತದಂತೆ. ಮರುದಿನ ಬರುತ್ತದೆ, ಮತ್ತೆ ಓದುತ್ತದೆ, ಮತ್ತೆ ಹೋಗುತ್ತದೆ.

ದೆವ್ವ ಬಂತು ಎನ್ನುವುದು ನನಗೆ ಅಂಥ ದೊಡ್ಡ ವಿಷಯವಲ್ಲ. ಅದಕ್ಕೆ ಓದಲು ಬರುತ್ತಿತ್ತಲ್ಲ, ಅದು ವಿಷಯ. 1991ರ ಜನಗಣತಿಯಲ್ಲಿ ಕರ್ನಾಟಕದ ಹೆಂಗಸರ ಪೈಕಿ ಅಕ್ಷರಸ್ಥರು ನೂರಕ್ಕೆ ಸುಮಾರು 44 ಮಂದಿ. ಹೆಣ್ಣು ದೆವ್ವಗಳ ಪೈಕಿ ನೂರಕ್ಕೆ ನೂರು. ಅದೂ ಎಂಥ ಓದು! ಬೀದಿದೀಪವಿಲ್ಲದ ಓಣಿ, ಮೂರನೇ ಕ್ಲಾಸಿನ ಹುಡುಗ ಗೀಚಿದ ಅಕ್ಷರ, ‘ಳೆ’ ಬಾಗಿಲ ಮೇಲಿದ್ದರೆ ‘ಬಾ’ ಚೌಕಟ್ಟಿನ ಮೇಲೆ. ಅದನ್ನು ಕೂಡಿಸಿ ಓದಿ, ಅರ್ಥ ಮಾಡಿಕೊಂಡು, ತಕರಾರಿಲ್ಲದೆ ಹಿಂದಿರುಗಬೇಕು. ಕಿರಾಣಿ ಅಂಗಡಿಗಳಲ್ಲಿ ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡು ತೂಗುಹಾಕಿದವರಿಗೆ ಈ ತಂತ್ರ ಮೊದಲೇ ಗೊತ್ತಿತ್ತು. ಆದರೆ ಆ ಬೋರ್ಡು ನೋಡಿ ಉದ್ರಿ ಕೇಳುವುದನ್ನು ಬಿಟ್ಟ ಗಿರಾಕಿಯನ್ನು ನಾನು ಕಂಡಿಲ್ಲ. ಬರೆದದ್ದಕ್ಕೆ ಬೆಲೆ ಕೊಟ್ಟದ್ದು ದೆವ್ವವೊಂದೇ.

ಅಂದಿನಿಂದ ನನಗೆ ಊರೂರಿನ ದೆವ್ವಗಳ ನಡತೆಯ ಮೇಲೆ ಕುತೂಹಲ. ಓದಿದಷ್ಟೂ ಖಾತ್ರಿಯಾಗುತ್ತ ಬಂದಿದೆ: ಪ್ರಪಂಚದಲ್ಲಿ ಇಷ್ಟು ನೇಮನಿಷ್ಠೆಯ ಕುಲ ಇನ್ನೊಂದಿಲ್ಲ. ರಕ್ತ ಹೀರುವುದು, ಕತ್ತು ಮುರಿಯುವುದು ಎಲ್ಲ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ಕಾಯಿದೆ. ನಮ್ಮ ಬೇತಾಳನನ್ನೇ ನೋಡಿ. ಹೆಗಲ ಮೇಲೆ ಕೂತು ಕಥೆ ಹೇಳುತ್ತಾನೆ, ವಿಕ್ರಮ ಬಾಯಿ ಬಿಟ್ಟ ಕೂಡಲೇ ಷರತ್ತಿನ ಪ್ರಕಾರ ಮರಕ್ಕೆ ವಾಪಸ್ಸು. ಒಂದು ಸಲವಾದರೂ ‘ಇರಲಿ ಬಿಡು, ಸ್ಮಶಾನ ಹತ್ತಿರ ಬಂತು’ ಎಂದು ಸಡಿಲ ಬಿಟ್ಟವನಲ್ಲ. (ಕರಾವಳಿಯ ದೈವಗಳನ್ನು ಈ ಸಾಲಿಗೆ ಸೇರಿಸುವ ಧೈರ್ಯ ನನಗಿಲ್ಲ. ಅವು ಇನ್ನೊಬ್ಬರ ಕಾಯಿದೆ ಪಾಲಿಸುವವಲ್ಲ, ತಾವೇ ಕೂತು ನ್ಯಾಯ ಹೇಳುವವು.)

ಎಲ್ಲಕ್ಕಿಂತ ಮೋಜಿನದು ಎಣಿಸುವ ದೆವ್ವಗಳ ಪಾಡು. ಪೂರ್ವ ಯೂರೋಪಿನ ಹಳ್ಳಿಗಳಲ್ಲಿ ಸತ್ತವನು ರಕ್ತಪಿಶಾಚಿಯಾಗಿ ಎದ್ದು ಬಂದಾನೆಂಬ ಅನುಮಾನವಿದ್ದರೆ ಶವಪೆಟ್ಟಿಗೆಯೊಳಗೆ ಗಸಗಸೆಯೋ ನವಣೆಯಂಥ ಸಣ್ಣ ಕಾಳೋ ಸುರಿಯುತ್ತಿದ್ದರು. ಪಿಶಾಚಿ ಏಳುತ್ತದೆ, ಕಾಳು ಕಾಣುತ್ತದೆ, ಎಣಿಸದೆ ಮುಂದೆ ಹೆಜ್ಜೆ ಇಡುವಂತಿಲ್ಲ. ಪೋಲೆಂಡಿನ ಉತ್ತರದ ಕಶೂಬಿಯನ್ನರು ಇನ್ನೂ ಒಂದು ಕೈ ಮುಂದೆ. ಅವರು ಮೀನಿನ ಬಲೆ ಇಡುತ್ತಿದ್ದರು. ಪಿಶಾಚಿ ಬಲೆಯ ಗಂಟು ಬಿಚ್ಚುತ್ತ ಕೂರಬೇಕು, ವರ್ಷಕ್ಕೆ ಒಂದೇ ಗಂಟು. ಈ ವೇಗ ನೋಡಿದರೆ ಅದು ಬದುಕಿದ್ದಾಗ ಯಾವ ಖಾತೆಯಲ್ಲಿ ಗುಮಾಸ್ತಿಕೆ ಮಾಡುತ್ತಿತ್ತೋ ಎಂದು ಕೇಳುವಂತಾಗುತ್ತದೆ.

ಕೆರಿಬಿಯನ್ನಿನ ಟ್ರಿನಿಡಾಡಿನಲ್ಲಿ ಸೂಕುಯಾಂ ಎಂಬುದೊಂದಿದೆ. ಹಗಲು ಊರಾಚೆಯ ಗುಡಿಸಲಿನ ಒಂಟಿ ಮುದುಕಿ. ರಾತ್ರಿಯಾದರೆ ಮೈಚರ್ಮವನ್ನು ರವಿಕೆ ಬಿಚ್ಚುವಂತೆ ಬಿಚ್ಚಿ ಒರಳಿನಲ್ಲಿಟ್ಟು, ಬೆಂಕಿಯ ಉಂಡೆಯಾಗಿ ಹಾರಿಹೋಗಿ, ಬೀಗದ ಕಿಂಡಿಯಲ್ಲಿ ನುಸುಳಿ, ಮಲಗಿದವರ ರಕ್ತ ಹೀರುತ್ತಾಳೆ. ಆ ಚರ್ಮ ಎಲ್ಲಿದೆಯೆಂದು ಪತ್ತೆಹಚ್ಚಿ ಉಪ್ಪು ಸವರಿಟ್ಟರೆ ಬೆಳಗ್ಗೆ ಅವಳಿಗೆ ಅದನ್ನು ತೊಡಲಾಗದು, ಉರಿಯುತ್ತದೆ. ಅಷ್ಟು ದೂರ ಹೋಗುವ ಎದೆ ಇಲ್ಲದವರು ಹೊಸ್ತಿಲಲ್ಲಿ ಅಕ್ಕಿ ಚೆಲ್ಲುತ್ತಾರೆ. ಸೂಕುಯಾಂ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಕಾಳು ಆರಿಸಬೇಕು. ಮುಗಿಯುವ ಮೊದಲು ಬೆಳಕು ಹರಿದರೆ ಸಿಕ್ಕಿಬಿದ್ದಳು.

ಎಷ್ಟು ಅಕ್ಕಿ ಚೆಲ್ಲಬೇಕು ಎಂಬ ಮುಖ್ಯ ವಿಷಯವನ್ನು ಈ ಕಥೆ ಹೇಳುವವರು ಯಾರೂ ಹೇಳುವುದಿಲ್ಲ. ಲೆಕ್ಕ ಹಾಕೋಣ. ಸಾಧಾರಣ ಅಕ್ಕಿ ಸಾವಿರ ಕಾಳಿಗೆ 20 ಗ್ರಾಂ ತೂಗುತ್ತದೆ, ಅಂದರೆ ಕೆಜಿಗೆ 50,000 ಕಾಳು. ಸೆಕೆಂಡಿಗೆ ಒಂದರಂತೆ ಬಿಡುವಿಲ್ಲದೆ ಎಣಿಸಿದರೂ ಹದಿನಾಲ್ಕು ಗಂಟೆ ಬೇಕು. ಹನ್ನೆರಡು ಗಂಟೆಯ ರಾತ್ರಿಗೆ ಒಂದು ಕೆಜಿ ಧಾರಾಳ. ನಮ್ಮ ಹಳೇ ಮೈಸೂರಿನ ಕಡೆಯವರಿಗೆ ಇನ್ನೂ ಅಗ್ಗ. ರಾಗಿಯ ಕಾಳು ಅಕ್ಕಿಯ ಏಳರಲ್ಲಿ ಒಂದು ಪಾಲು ತೂಗಿದರೆ ಹೆಚ್ಚು, ನೂರೈವತ್ತು ಗ್ರಾಂ ಚೆಲ್ಲಿದರೆ ಸೂರ್ಯೋದಯದವರೆಗೆ ಯೋಚನೆಯಿಲ್ಲ. ಗಸಗಸೆಯಾದರೆ ನಾಲ್ಕು ಚಮಚ ಸಾಕು. ಆದರೆ ಇವತ್ತಿನ ಬೆಲೆಯಲ್ಲಿ ಗಸಗಸೆ ಎರಚಲು ಹೊರಟವನನ್ನು ದೆವ್ವಕ್ಕಿಂತ ಮೊದಲು ಹೆಂಡತಿಯೇ ಹಿಡಿಯುತ್ತಾಳೆ.

ಈ ಲೆಕ್ಕ ಹಾಕುವಾಗ ಒಂದು ಸಂಗತಿ ಹೊಳೆಯಿತು. ಪೆಟ್ಟಿಗೆಗೆ ಗಸಗಸೆ ಸುರಿದವರು, ಹೊಸ್ತಿಲಿಗೆ ಅಕ್ಕಿ ಚೆಲ್ಲಿದವರು ಯಾರೂ ಉಳ್ಳವರಲ್ಲ. ಕೋವಿ, ಕೋಟೆ, ಕಾವಲುಗಾರ ಇಲ್ಲದ ಮಂದಿ. ಅವರು ಕಟ್ಟಿಕೊಂಡ ದೆವ್ವ ಎಷ್ಟು ಘೋರವಾಗಿದ್ದರೂ ಸೋಲುವುದು ಮಾತ್ರ ಅಡುಗೆಮನೆಯ ಡಬ್ಬದಲ್ಲಿರುವ ವಸ್ತುವಿಗೇ. ಅಮೆರಿಕದ ದಕ್ಷಿಣ ಕೆರೊಲಿನಾದ ಕರಾವಳಿಯಲ್ಲಿ, ಗುಲಾಮರಾಗಿ ತಂದ ಆಫ್ರಿಕನ್ನರ ಸಂತತಿಯಾದ ಗಲ್ಲಾ ಜನ, ಬಾಗಿಲಿಗೆ ಅಡ್ಡ ಪೊರಕೆ ಇಡುತ್ತಾರೆ. ಬೂ ಹ್ಯಾಗ್ ಎಂಬ ಪೀಡೆ ಅದರ ಕಡ್ಡಿ ಎಣಿಸುತ್ತ ನಿಲ್ಲುತ್ತದೆ. ಜಗಲಿಯ ಸೂರಿಗೆ ತೆಳು ನೀಲಿ ಬಳಿಯುತ್ತಾರೆ. ಪ್ರೇತ ಅದನ್ನು ನೀರೆಂದುಕೊಂಡು ದಾಟಲಾರದೆ ಹಿಂದಿರುಗುತ್ತದೆ. ಒಂದು ಪೊರಕೆ, ಒಂದು ಡಬ್ಬ ಬಣ್ಣ, ಅಷ್ಟೇ ಖರ್ಚು.

ನಮ್ಮ ಸೋದರತ್ತೆಯದೂ ಇದೇ ಬಾಬತ್ತು. ಅವರ ಮನೆಯಲ್ಲಿ ಬಾಡೂಟವಾದರೆ ನನ್ನ ಪಾಲಿನ ಸಾರು ಕ್ಯಾರಿಯರಿಗೆ ಬೀಳುತ್ತದೆ. ಮುಚ್ಚಳ ಹಾಕುವ ಮೊದಲು ಮೇಲೆ ಒಂದು ಒಣಮೆಣಸಿನಕಾಯಿ, ಒಂದು ಚೂರು ಇದ್ದಿಲು. ರಾತ್ರಿ ಹೊತ್ತು ಮಾಂಸದ ವಾಸನೆಗೆ ಅವು ಹಿಂದೆ ಬೀಳುತ್ತವಂತೆ.

“ಅತ್ತೆ, ನಾನು ಸ್ಕೂಟರಲ್ಲಿ ಹೋಗೋದು. ಹಿಂದೆ ಓಡಿ ಬರೋಕಾಗುತ್ತಾ ಅದಕ್ಕೆ?”

“ಓಡೋದ್ಯಾಕೆ? ಸಿಗ್ನಲ್ಲಲ್ಲಿ ನಿಲ್ಲಿಸ್ತೀಯಲ್ಲ, ಹತ್ಕೊಳ್ಳುತ್ತೆ.”

ಈ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ. ಗ್ಯಾಸ್ ಒಲೆಯ ಮನೆಯಲ್ಲಿ ಇದ್ದಿಲು ಎಲ್ಲಿಂದ ಬರುತ್ತದೆ ಎಂದರೆ, ಸಾಸಿವೆ ಡಬ್ಬದ ಪಕ್ಕ ಒಂದು ಪುಟ್ಟ ಪೊಟ್ಟಣದಲ್ಲಿ ಅವರು ಅದನ್ನು ಜೋಪಾನ ಮಾಡಿದ್ದಾರೆ. ಕ್ಯಾರಿಯರು ವಾಪಸು ಕೊಡುವಾಗ ಇದ್ದಿಲೂ ವಾಪಸು ಬರಬೇಕು, ಕೇಳಿ ತೆಗೆದುಕೊಳ್ಳುತ್ತಾರೆ. ಅದೆಷ್ಟು ವರ್ಷದ ಚೂರೋ, ಸವೆದು ಗೋಲಿಯಾಗಿದೆ. ಕಾವು ಆರಿ ಒಂದು ತಲೆಮಾರಾಗಿರುವ ಈ ಇದ್ದಿಲನ್ನು ಯಾವ ದೆವ್ವವೂ ಇದುವರೆಗೆ ಪ್ರಶ್ನಿಸಿಲ್ಲ.

ಕಾಳಿಗೆ ಸೋಲದವು ಮರ್ಯಾದೆಗೆ ಸೋಲುತ್ತವೆ. ಜಪಾನಿನ ಕಪ್ಪಾ ಹೊಳೆ ಕೆರೆಗಳಲ್ಲಿ ಇರುವಂಥದು. ಮಗುವಿನಷ್ಟು ಎತ್ತರ, ಬೆನ್ನಿಗೆ ಆಮೆಯ ಚಿಪ್ಪು, ನೆತ್ತಿಯಲ್ಲಿ ಬಟ್ಟಲಿನಂಥ ಕುಳಿ, ಅದರ ತುಂಬ ನೀರು. ಶಕ್ತಿಯೆಲ್ಲ ಆ ನೀರಿನಲ್ಲಿದೆ. ಕುದುರೆಯನ್ನೂ ಮಕ್ಕಳನ್ನೂ ನೀರಿಗೆಳೆಯುವಷ್ಟು ಬಲ. ಎದುರಾದರೆ ಓಡಬಾರದು. ಕೈ ತೊಡೆಗೆ ಹಚ್ಚಿ, ನಡು ಬಗ್ಗಿಸಿ ಒಂದು ನಮಸ್ಕಾರ. ಕಪ್ಪಾ ಎಷ್ಟಾದರೂ ಜಪಾನಿನದು, ನಮಸ್ಕಾರಕ್ಕೆ ಪ್ರತಿನಮಸ್ಕಾರ ಮಾಡದೆ ಇರಲಾರದು. ಬಗ್ಗುತ್ತದೆ, ನೀರು ಚೆಲ್ಲುತ್ತದೆ, ಅಲ್ಲೇ ಕುಸಿಯುತ್ತದೆ. ಕುದುರೆ ಎಳೆಯಲು ಹೋಗಿ ಕೈ ಕಳೆದುಕೊಂಡ ಕಪ್ಪಾಗಳು ಇನ್ನೆಂದೂ ಹೀಗೆ ಮಾಡುವುದಿಲ್ಲವೆಂದು ತಪ್ಪೊಪ್ಪಿಗೆ ಬರೆದುಕೊಟ್ಟ ಕಥೆಗಳು, ಕೈ ವಾಪಸು ಕೊಟ್ಟದ್ದಕ್ಕೆ ಮೂಳೆ ಕೂಡಿಸುವ ವಿದ್ಯೆ ಕಲಿಸಿದ ಕಥೆಗಳು ಅಲ್ಲಿ ಬೇಕಾದಷ್ಟಿವೆ. ಅದಕ್ಕೆ ಪ್ರಾಣವೆಂದರೆ ಸೌತೆಕಾಯಿ. ಟೋಕಿಯೊದ ಕಪ್ಪಾಬಾಶಿ ಪಾತ್ರೆಪಡಗದ ಅಂಗಡಿಗಳಿಗೆ ಹೆಸರಾದ ಬೀದಿ. ಅದರ ಹತ್ತಿರದ ಸೊಗೆಂಜಿ ದೇವಾಲಯದಲ್ಲಿ ಇಂದಿಗೂ ಕಪ್ಪಾಗೆ ಸೌತೆಕಾಯಿ ನೈವೇದ್ಯ. ಕಪ್ಪಾದ್ದೇ ಎನ್ನುವ ಒಣಗಿದ ಕೈಯೊಂದನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಸೌತೆಕಾಯಿ ಸುತ್ತಿದ ಸೂಶಿಗೆ ಹೆಸರೇ ಕಪ್ಪಾಮಾಕಿ. ಮಕ್ಕಳನ್ನು ಮುಳುಗಿಸುತ್ತಿದ್ದ ಜಂತುವಿನ ಹೆಸರಿನಲ್ಲಿ ತಿಂಡಿ ಮಾಡಿ ತಿನ್ನುವಷ್ಟು ಸಲಿಗೆ.

ಫಿಲಿಪ್ಪೀನ್ಸಿನಲ್ಲಿ ಹುತ್ತದ ಪಕ್ಕ ಹಾಯುವಾಗ ‘ತಾಬಿ ತಾಬಿ ಪೋ’ ಎಂದು ಒಳಗಿರುವ ಗಿಡ್ಡ ಮುದುಕನ ಅಪ್ಪಣೆ ಕೇಳುತ್ತಾರೆ. ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಯಕ್ಷಿಣಿಯರ ಸೇತುವೆ ದಾಟುವಾಗ ‘ನಮಸ್ಕಾರ’ ಎನ್ನದೆ ಹೋಗುವಂತಿಲ್ಲ. ಅಲ್ಲಿನ ಮೋಟಾರ್‌ಸೈಕಲ್ ರೇಸಿಗೆ ಬರುವ ಎಂಟೆದೆಯ ಸವಾರರೂ ಈ ಶಾಸ್ತ್ರ ಮಾಡುತ್ತಾರೆ. ಐರ್ಲೆಂಡಿನ ಕ್ಲೇರ್ ಜಿಲ್ಲೆಯಲ್ಲಿ 1999ರಲ್ಲಿ ಹೆದ್ದಾರಿಗೆ ಅಡ್ಡ ಬಂದ ಒಂದು ಮುಳ್ಳುಪೊದೆಯನ್ನು, ಅದು ಯಕ್ಷಿಣಿಯರು ಸೇರುವ ಜಾಗವೆಂದು ಕಥೆಗಾರರೊಬ್ಬರು ಪತ್ರಿಕೆಗೆ ಬರೆದು, ಕೊನೆಗೂ ಉಳಿಸಿಕೊಂಡರು. ಅಶ್ವತ್ಥಕಟ್ಟೆ ಬಳಸಿ ಹೋಗುವ ರಸ್ತೆಗಳನ್ನು ನೋಡಿ ಬೆಳೆದ ನಮಗೆ ಇದರಲ್ಲಿ ಹೊಸತೇನಿಲ್ಲ.

ಬ್ಯಾಂಕಾಕಿನ ಮೇ ನಾಕ್ ಮಾತ್ರ ಬೇರೆಯೇ ಜಾತಿ. ಗಂಡ ಯುದ್ಧಕ್ಕೆ ಹೋದಾಗ ಹೆರಿಗೆಯಲ್ಲಿ ಸತ್ತವಳು. ಅವನು ಮರಳಿದಾಗ ಮಗುವಿನೊಂದಿಗೆ ಎಂದಿನಂತೆ ಮನೆಯಲ್ಲಿದ್ದಳು, ಅಡುಗೆ ಮಾಡಿ ಬಡಿಸಿದಳು. ಒಂದು ದಿನ ಮಾಳಿಗೆಯ ಹಲಗೆ ಸಂದಿಯಿಂದ ನಿಂಬೆಹಣ್ಣು ಕೆಳಗೆ ಬಿತ್ತು. ಇಳಿದು ಹೋಗಲು ಬೇಸರವಾಗಿ ಕೂತಲ್ಲಿಂದಲೇ ಕೈ ನೆಲದವರೆಗೆ ಉದ್ದ ಮಾಡಿ ಎತ್ತಿಕೊಂಡಳು. ಗಂಡ ನೋಡಿಬಿಟ್ಟ, ಸಂಸಾರ ಅಲ್ಲಿಗೆ ಮುಗಿಯಿತು. ಇಷ್ಟು ಅನುಕೂಲದ ಕೈಯನ್ನು ಕಂಡು ಓಡಿದವನ ಬುದ್ಧಿಗೆ ಏನನ್ನಬೇಕೋ. ವಾಟ್ ಮಹಾಬುತ್ ಎಂಬ ಬೌದ್ಧ ದೇವಾಲಯದ ಆವರಣದಲ್ಲಿರುವ ಅವಳ ಗುಡಿಗೆ ಜನ ರೇಷ್ಮೆ ಉಡುಪು, ಮಗುವಿಗೆ ಆಟಿಕೆ ತಂದೊಪ್ಪಿಸುತ್ತಾರೆ. ಥಾಯ್ಲೆಂಡಿನಲ್ಲಿ ಸೈನ್ಯಕ್ಕೆ ಕಡ್ಡಾಯ ಭರ್ತಿ ಚೀಟಿ ಎತ್ತುವ ಮೂಲಕ. ಕೆಂಪು ಬಂದರೆ ಬಂದೂಕು, ಕಪ್ಪು ಬಂದರೆ ಮನೆ. ಕಪ್ಪು ಬರಲೆಂದು ಹುಡುಗರು ಹರಕೆ ಹೊರುವುದು ಇವಳ ಹತ್ತಿರ. ಗಂಡನನ್ನು ಸೈನ್ಯಕ್ಕೆ ಕಳಿಸಿ ಅನುಭವಿಸಿದವಳಿಗಲ್ಲದೆ ಇನ್ನಾರಿಗೆ ಹೇಳಿಕೊಳ್ಳಬೇಕು?

ದೆವ್ವದ ಸಹವಾಸ ಹೀಗೆ ನಿಭಾಯಿಸುವಂಥದು. ಮದ್ದೇ ಇಲ್ಲದ ಮೂಢನಂಬಿಕೆಗಳು ಬೇರೆ ಇವೆ, ನನಗೆ ದಿಗಿಲು ಅವುಗಳ ಬಗ್ಗೆ. ಊರಾಚೆಯ ಒಂಟಿ ಮುದುಕಿಯೇ ಸೂಕುಯಾಂ ಎಂದು ಜನ ತೀರ್ಮಾನಿಸಿದ ಮೇಲೆ ಅವಳು ತಾನಲ್ಲವೆಂದು ತೋರಿಸಲು ಯಾವ ಅಕ್ಕಿ ಚೆಲ್ಲಬೇಕು? ನಮ್ಮ ಕಡೆ ಮಾಟಗಾತಿಯೆಂಬ ಹೆಸರು ಹೊತ್ತವರಿಗೂ ಅಂಥ ದಾರಿ ಇರಲಿಲ್ಲ. ಚಾಮರಾಜನಗರದ್ದು ಇನ್ನೊಂದು ಬಗೆ. ಅಲ್ಲಿಗೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತದೆಂದು ದಶಕಗಳ ಕಾಲ ನಂಬಿ, ಎಷ್ಟೋ ಮಂದಿ ಆ ಊರಿಗೆ ಕಾಲಿಡದೆ ದೂರದಿಂದಲೇ ಕೆಲಸ ಮುಗಿಸಿದರು. ಕರ್ನಾಟಕದಲ್ಲಿ ಕುರ್ಚಿ ಕಳೆದುಕೊಳ್ಳಲು ಅಷ್ಟು ದೂರ ಪ್ರಯಾಣ ಮಾಡಬೇಕಾದ ಅಗತ್ಯ ಎಂದೂ ಇರಲಿಲ್ಲ, ವಿಧಾನಸೌಧದ ಕಾರಿಡಾರು ಸಾಕಾಗಿತ್ತು. 2013ರಿಂದ ಸಿದ್ದರಾಮಯ್ಯ ಮತ್ತೆ ಮತ್ತೆ ಅಲ್ಲಿಗೆ ಹೋಗಿ ಬಂದು ಐದು ವರ್ಷ ಪೂರೈಸಿದರು. ಅದುವರೆಗೆ ಆ ಊರಿನವರು ಯಾರ ಬಾಗಿಲಿಗೆ ಹೋಗಿ ಏನು ಬರೆಯಬೇಕಿತ್ತು?

ಈಗಿನ ದೆವ್ವಗಳು ಲಿಫ್ಟು ಹತ್ತಿವೆ. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ 12ರ ಮೇಲೆ 12ಎ, ಆಮೇಲೆ 14. ಹದಿಮೂರರ ಭಯ ಕ್ರೈಸ್ತ ದೇಶಗಳದು, ನಮ್ಮ ಪಂಚಾಂಗಕ್ಕೆ ಅದರ ಗೊಡವೆಯಿಲ್ಲ. ಆದರೂ ಟೈಲ್ಸು, ಮಾಡ್ಯುಲರ್ ಕಿಚನ್ನುಗಳ ಜೊತೆ ಅದೂ ಬಂದಿಳಿದಿದೆ. ಚೀನೀಯರಿಗೆ ನಾಲ್ಕು ಕೂಡದು, ಎಂಟು ಬೇಕು. ಹಾಂಗ್‌ಕಾಂಗಿನ ಕಾಂಡುಯಿಟ್ ರಸ್ತೆಯ 39ನೇ ನಂಬರಿನ ಕಟ್ಟಡಕ್ಕೆ ಇರುವುದು 46 ಮಹಡಿ, ಬೇಡದ ನಂಬರು ಹಾರಿಸಿ ಹಾರಿಸಿ ಕೊನೆಯ ಮಹಡಿಗೆ 88 ಎಂದು ಹೆಸರಿಟ್ಟರು. ಗಸಗಸೆ ಎಣಿಸುತ್ತಿದ್ದ ಕುಲದಲ್ಲಿ ಹನ್ನೆರಡಾದ ಮೇಲೆ ಎಷ್ಟು ಎಂದು ತಿಳಿಯದವೂ ಹುಟ್ಟಿವೆ ಎಂದಾಯಿತು.

ಕೆನಡಾದ ವ್ಯಾಂಕೂವರ್ ನಗರಾಡಳಿತ 2015ರಲ್ಲಿ ಇದಕ್ಕೆ ತಡೆ ಹಾಕಿತು. ಬೆಂಕಿ ಬಿದ್ದಾಗ ಹೊರಗಿನಿಂದ ಮಹಡಿ ಎಣಿಸುವ ಅಗ್ನಿಶಾಮಕದವರಿಗೆ ಲೆಕ್ಕ ತಪ್ಪುತ್ತದೆ, ಹೊಸ ಕಟ್ಟಡಗಳಲ್ಲಿ 4, 13 ಏನನ್ನೂ ಬಿಡದೆ ವರಸೆಯಾಗಿ ನಂಬರು ಹಾಕಬೇಕೆಂದು ಆದೇಶ. ಹದಿಮೂರನೇ ಮಹಡಿ ಹುಡುಕುತ್ತ ಅಲೆಯುತ್ತಿದ್ದ ಅಲ್ಲಿನ ದೆವ್ವಗಳಿಗೆ ಸರ್ಕಾರದ ಖರ್ಚಿನಲ್ಲಿ ವಿಳಾಸ ಸಿಕ್ಕಿತು.