ಆಧುನಿಕ ಭಗೀರಥರ ಟ್ಯಾಂಕರ್ ಪುರಪ್ರವೇಶ

ಏಪ್ರಿಲ್ ಬಂತು ಅಂದ್ರೆ ನಮ್ಮ ಕಡೆ ರಸ್ತೆಗೆ ಮೂರು ಥರದ ಗಾಡಿ ಇಳೀತವೆ. ದಿಬ್ಬಣದ ಬಸ್ಸು, ಬೆಂಗಳೂರು ನೆಂಟರ ಕಾರು, ಆಮೇಲೆ ನೀರಿನ ಟ್ಯಾಂಕರ್. ಮೊದಲಿನ ಎರಡು ತಮ್ಮಷ್ಟಕ್ಕೆ ಬರ್ತವೆ, ಊಟ ಮುಗಿಸ್ಕೊಂಡು ಹೋಗ್ತವೆ, ಯಾರೂ ತಲೆ ಕೆಡಿಸ್ಕೊಳಲ್ಲ. ಟ್ಯಾಂಕರ್‌ಗೆ ಮಾತ್ರ ಪುರಪ್ರವೇಶ. ಸ್ವಾಮಿಗಳು ಬಂದಂಗೆ ಊರ ಬಾಗಿಲಲ್ಲಿ ನಿಲ್ಲಿಸಿ, ಬಾನೆಟ್ಟಿಗೆ ಚೆಂಡು ಹೂವಿನ ಹಾರ ಹಾಕಿ, ಕುಂಕುಮ ಇಟ್ಟು, ಕಾಯಿ ಒಡೆದು ಒಳಗೆ ಕರ್ಕೊಳೋದು.

ಈ ಸಲದ ಕಾರ್ಯಕ್ರಮ ಅಶ್ವತ್ಥಕಟ್ಟೆ ಎದುರಿಗೆ. ಶಾಮಿಯಾನ, ಮೈಕ್ ಸೆಟ್ಟು, ಕೆಂಪು ಪ್ಲಾಸ್ಟಿಕ್ ಕುರ್ಚಿ. ಫ್ಲೆಕ್ಸ್ ಮೇಲೆ ನಮಸ್ಕಾರ ಮಾಡ್ತಾ ನಿಂತಿರೋ ಮುಖಗಳು ಎಷ್ಟಿದ್ವು ಅಂದ್ರೆ ಟ್ಯಾಂಕರ್ ಫೋಟೋಗೆ ಜಾಗ ಸಿಗದೆ ಮೂಲೇಲಿ ಬೆಂಕಿಪೊಟ್ಟಣದಷ್ಟು ಹಾಕಿದ್ರು. ಮೇಲೆ ದಪ್ಪ ಅಕ್ಷರದಲ್ಲಿ "ಆಧುನಿಕ ಭಗೀರಥರಿಗೆ ಹಾರ್ದಿಕ ಸ್ವಾಗತ". ಭಗೀರಥ ಪಾಪ ತಪಸ್ಸು ಮಾಡಿ ಗಂಗೆನ ಆಕಾಶದಿಂದ ಇಳಿಸ್ದ, ನಮ್ಮೋರು ಕೊಟೇಶನ್ ಕರೆದು ಪಕ್ಕದೂರಿನ ಬೋರ್‌ವೆಲ್‌ನಿಂದ ಎತ್ತಿಸಿದ್ರು, ಯಾವುದು ಹೆಚ್ಚು ಕಷ್ಟ ಅಂತ ನೀವೇ ಹೇಳಿ, ಭಗೀರಥನಿಗೆ ಜಿಎಸ್‌ಟಿ ಬಿಲ್ ಕೇಳೋರು ಯಾರಿದ್ರು?

ವೇದಿಕೆ ಮೇಲಿದ್ದೋರಿಗೆ ತಲಾ ಒಂದು ಬಾಟ್ಲಿ ನೀರು ಇಟ್ಟಿದ್ರು, ಎದುರಿಗೆ ಕೂತೋರಿಗೆ ತಲಾ ಒಂದು ಖಾಲಿ ಕೊಡಪಾನ ಇತ್ತು, ಅದು ಅವರೇ ತಂದಿದ್ದು. ಭಾಷಣ ಶುರುವಾಯ್ತು. "ಮಲೆನಾಡಿನ ಜನತೆಗೆ ನೀರಿನ ಬವಣೆ ನೀಗಿಸುವುದೇ ನಮ್ಮ ಪರಮ ಗುರಿ" ಅಂತ ಒಬ್ರು ಅಂದ್ರು, ಅದನ್ನೇ ಇನ್ನೊಬ್ರು "ಗುರಿಯೇ ಪರಮ" ಅಂತ ತಿರುಗಿಸಿ ಅಂದ್ರು, ಅಷ್ಟರಲ್ಲಿ ಬಿಸಿಲು ಏರಿ ಶಾಮಿಯಾನದ ನೆರಳು ವೇದಿಕೆ ಕಡೆಗೆ ಸರಿದು ಜನರೆಲ್ಲ ಬಿಸಿಲಿಗೆ ಬಿದ್ರು. ಕೊನೆಗೆ ವಾಲ್ವ್ ತಿರುಗಿಸೋ ಶುಭ ಮುಹೂರ್ತ. ಗಣ್ಯರು ತಿರುಗಿಸಿದ್ರು, ಬರ್ಲಿಲ್ಲ. ಇನ್ನೊಬ್ಬ ಗಣ್ಯರು ಕೈ ಹಾಕಿದ್ರು, ಆಗ್ಲೂ ಬರ್ಲಿಲ್ಲ. ಡ್ರೈವರ್ ಹುಡುಗ "ಸ್ವಲ್ಪ ಸರೀರಿ ಸಾರ್" ಅಂತ ಸ್ಪ್ಯಾನರ್ ತಗೊಂಡು ಎರಡೇಟು ಕೊಟ್ಟ ನೋಡಿ, ಆ ತುಕ್ಕು ಹಿಡಿದ ಕೆಂಪು ನೀರು ಬುಸ್ ಅಂತ ಬಂದು ನೇರ ಅಧ್ಯಕ್ಷರ ಬಿಳಿ ಪಂಚೆ ಮೇಲೆ. ಊರಿನ ಮೊದಲ ಫಲಾನುಭವಿ ಅವರೇ.

ಇದು ಯಾವೂರು ಅಂತ ಕೇಳ್ತೀರ? ಹೆಸರು ಬೇಡ ಬಿಡಿ. ತೀರ್ಥಹಳ್ಳಿಗೂ ಹೊಸನಗರಕ್ಕೂ ನಡುವೆ ಎಲ್ಲೋ ಒಂದು ಅಂತ ಇಟ್ಕೊಳಿ. ಪಕ್ಕದಲ್ಲೇ ಆಗುಂಬೆ, ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳೋ ಜಾಗ, ದಕ್ಷಿಣದ ಚಿರಾಪುಂಜಿ ಅಂತ ನಮಗೆ ಶಾಲೇಲಿ ಬಾಯಿಪಾಠ ಮಾಡಿಸಿದ್ರಲ್ಲ ಅದೇ. ಜುಲೈನಲ್ಲಿ ನಮ್ಮನೆ ಕಂಬಳಿ ಒಣಗಲ್ಲ, ಬೆಂಕಿಪೊಟ್ಟಣ ಗೀರಿದ್ರೆ ಹತ್ತಲ್ಲ, ಗೋಡೆ ಮೇಲೆ ಪಾಚಿ, ಚಪ್ಪಲಿ ಮೇಲೆ ಬೂಸ್ಟು, ಶಾಲೆಗೆ ರಜೆ ಮೇಲೆ ರಜೆ. ಏಪ್ರಿಲ್‌ನಲ್ಲಿ ಅದೇ ಮನೆ ಅಂಗಳದಲ್ಲಿ ನೀಲಿ ಡ್ರಮ್ಮು ಸಾಲು.

ಲೆಕ್ಕ ಹಾಕೋ ಚಟ ಇರೋರಿಗೆ ಒಂದು ಸಣ್ಣ ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್ ನೀರು. ಆಗುಂಬೆ ಮಳೆ ಬೀಳೋ ಊರಲ್ಲಿ ನೂರು ಚದರ ಮೀಟರ್ ಹೆಂಚಿನ ಮಾಡು ಇರೋ ಮನೆ ಅಂದ್ರೆ ವರ್ಷಕ್ಕೆ 7 ಲಕ್ಷ ಲೀಟರ್ ತಲೆ ಮೇಲೆ ಸುರೀತು ಅಂತ ಆಯ್ತು. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 140 ಟ್ಯಾಂಕರ್! ಒಂದು ಮನೆ ಮಾಡಿಗೆ! ಹಾರ ಇಲ್ಲ, ಕಾಯಿ ಇಲ್ಲ, ಫ್ಲೆಕ್ಸ್ ಇಲ್ಲ, ಅದಕ್ಕೇ ಇರ್ಬೇಕು ಯಾರಿಗೂ ಗೊತ್ತಾಗಿಲ್ಲ. ಪಂಚಾಯ್ತಿ ಕಟ್ಟಡದ ಆರ್‌ಸಿಸಿ ಮೇಲೆ ಬಿದ್ದಿದ್ದು ಪೈಪಲ್ಲಿ ಇಳಿದು, ಚರಂಡಿಗೆ ಹೋಗಿ, ಹಳ್ಳಕ್ಕೆ ಸೇರಿ, ನಮ್ಮೂರಿಗೆ ಟಾಟಾ ಮಾಡಿ ಹೋಗ್ತದೆ, ಕೆಳಗೆ ಅದೇ ಕಟ್ಟಡದ ಒಳಗೆ "ಕುಡಿಯುವ ನೀರಿನ ಅಭಾವ" ಅನ್ನೋ ಫೈಲು ಒಣಗ್ತಾ ಇರ್ತದೆ.

ಡ್ಯಾಂ ವಿಷಯಕ್ಕೆ ಬಂದ್ರಂತೂ ನಾವು ಕೋಟ್ಯಾಧಿಪತಿಗಳು. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಇದೆ, 1964ರಲ್ಲಿ ಆಗಿದ್ದು, ಸಮುದ್ರಮಟ್ಟದ ಲೆಕ್ಕದಲ್ಲಿ 1,819 ಅಡಿವರೆಗೆ ತುಂಬಿದ್ರೆ 151 ಟಿಎಂಸಿ. ಮಾಣಿ ಇದೆ, ಚಕ್ರಾ ಇದೆ, ಸಾವೆಹಕ್ಲು ಇದೆ, ಗಾಜನೂರಲ್ಲಿ ತುಂಗೆಗೊಂದು ಇದೆ. ಒಂದು ಟಿಎಂಸಿ ಅಂದ್ರೆ ಸುಮಾರು 2,831 ಕೋಟಿ ಲೀಟರ್, ಅಂದ್ರೆ ನಮ್ಮ ಹಾರ ಹಾಕಿಸ್ಕೊಂಡ ಟ್ಯಾಂಕರಿನ ಅಳತೇಲಿ 56 ಲಕ್ಷಕ್ಕೂ ಜಾಸ್ತಿ. ಆ ನೀರು ಟರ್ಬೈನ್ ತಿರುಗಿಸಿ ನಾಡಿಗೆಲ್ಲ ಬೆಳಕು ಕೊಡ್ತದೆ, ಕೊಡ್ಲಿ, ಹೆಮ್ಮೇನೇ. ಆದ್ರೆ ಅದೇ ನೀರಿಗೆ ಮನೆ ಗದ್ದೆ ದೇವಸ್ಥಾನ ಎಲ್ಲ ಬಿಟ್ಟು ಗುಡ್ಡ ಹತ್ತಿ ಕೂತ ಮುಳುಗಡೆ ಸಂತ್ರಸ್ತರು ಇದಾರಲ್ಲ, ಅವರ ಮೊಮ್ಮಕ್ಕಳು ಇವತ್ತೂ ಜಮೀನಿನ ಹಕ್ಕುಪತ್ರಕ್ಕೆ ಅಲೀತಾ ಇದಾರೆ, ಬೇಸಿಗೇಲಿ ಹಿನ್ನೀರು ಕಣ್ಣಿಗೆ ಕಾಣೋಷ್ಟು ದೂರದಲ್ಲಿ ನಿಂತ್ಕೊಂಡು ಟ್ಯಾಂಕರ್ ಹಾರ್ನ್ ಕೇಳ್ತದಾ ಅಂತ ಕಿವಿ ಕೊಡ್ತಾರೆ. ಈ ಜಾಗದಲ್ಲಿ ತಮಾಷೆ ಮಾಡೋಕೆ ನನಗೂ ಬಾಯಿ ಬರಲ್ಲ, ಮುಂದಕ್ಕೆ ಹೋಗಾಣ.

2019ರಲ್ಲಿ ಇದೇ ಶರಾವತಿನ ಬೆಂಗಳೂರಿಗೆ ಒಯ್ಯೋ ಮಾತು ಎದ್ದಿತ್ತು ನೆನಪಿದ್ಯಾ? ಜುಲೈ 10ಕ್ಕೆ ಶಿವಮೊಗ್ಗ ಜಿಲ್ಲೆ ಬಂದ್ ಆಯ್ತು. ಸುಮಾರು 400 ಕಿಲೋಮೀಟರ್ ದೂರ, ನಡುವೆ ಗುಡ್ಡ, ಪಂಪು, ಕರೆಂಟು, ಸಾವಿರಾರು ಕೋಟಿ, ಎಲ್ಲ ಆಗ್ತದೆ ಅಂತ ಹೇಳೋ ಎಂಜಿನಿಯರ್‌ಗಳು ನಮ್ಮಲ್ಲಿ ಇದಾರೆ. ನಾಲ್ಕು ಕಿಲೋಮೀಟರ್ ದೂರದ ಕೇರಿಗೆ ಪೈಪ್ ಹಾಕಿ ಅಂದ್ರೆ "ಟೆಕ್ನಿಕಲಿ ಫೀಸಿಬಲ್ ಇಲ್ಲ" ಅಂತಾರೆ, ಮಧ್ಯ ಫಾರೆಸ್ಟ್ ಬರ್ತದಂತೆ. ಬೆಂಗಳೂರಿಗೆ ಹೋಗೋ ದಾರೀಲಿ ಬರೀ ಮಾಲ್ ಬರ್ತದೆ ಅನ್ಸುತ್ತೆ.

ಹಾಗಂತ ಪೈಪ್ ಬಂದೇ ಇಲ್ಲ ಅಂದ್ರೆ ಸುಳ್ಳಾಗ್ತದೆ. 2019ರ ಆಗಸ್ಟ್ 15ಕ್ಕೆ ಜಲಜೀವನ ಮಿಷನ್ ಘೋಷಣೆ ಆಯ್ತು, ನಮ್ಮ ರಾಜ್ಯದಲ್ಲಿ "ಮನೆ ಮನೆಗೆ ಗಂಗೆ" ಅಂತ ಚೆಂದದ ಹೆಸರು, ತಲೆಗೆ ದಿನಕ್ಕೆ 55 ಲೀಟರ್ ಅಂತ ಲೆಕ್ಕ. ನಮ್ಮೂರಿಗೂ ಕಂಟ್ರಾಕ್ಟ್ರು ಬಂದ್ರು, ಇದ್ದ ಒಂದು ಒಳ್ಳೆ ಸಿಮೆಂಟ್ ರಸ್ತೆನ ಉದ್ದಕ್ಕೆ ಸೀಳಿದ್ರು, ಪೈಪ್ ಹೂತ್ರು, ಮನೆ ಎದುರು ಮೊಣಕಾಲೆತ್ತರದ ಕಾಂಕ್ರೀಟ್ ಕಂಬ ನೆಟ್ಟು ನಲ್ಲಿ ಸಿಕ್ಕಿಸಿ ಹೋದ್ರು. ಕೆಳಮನೆ ಅಜ್ಜಿನ ನಲ್ಲಿ ಪಕ್ಕ ನಿಲ್ಲಿಸಿ ಮೊಬೈಲಲ್ಲಿ ಫೋಟೋ ಹೊಡೆದ್ರು, "ಅಜ್ಜಿ, ಸ್ವಲ್ಪ ನಗಿ, ಕೈ ನಲ್ಲಿ ಮೇಲಿಡಿ" ಅಂತ. ಅಜ್ಜಿ "ನೀರು ಯಾವಾಗ ಬರ್ತದ ತಮಾ?" ಅಂತ ಕೇಳಿದ್ಕೆ "ಫೋಟೋ ಅಪ್‌ಲೋಡ್ ಆಗ್ಲಿ ಅಜ್ಜಿ" ಅಂದ್ನಂತೆ. ನೆಟ್‌ವರ್ಕ್ ಸಮಸ್ಯೆ ನಮ್ಮಲ್ಲಿ ಗೊತ್ತಲ್ಲ, ಇನ್ನೂ ಅಪ್‌ಲೋಡ್ ಆಗ್ತಾನೇ ಇದ್ಯೇನೋ. ಈಗ ಆ ಕಂಬಕ್ಕೆ ಕರು ಕಟ್ತಾರೆ. ನಲ್ಲಿ ಬಾಯಿಗೆ ಜೇಡ ಗೂಡು ಕಟ್ಟಿದೆ, ತಿರುಗಿಸಿದ್ರೆ ಒಳಗಿಂದ ಒಂದು ನಿಟ್ಟುಸಿರು ಬರ್ತದೆ ಅಷ್ಟೇ. ಹಲಸಿನ ಹಪ್ಪಳ ಒಣಹಾಕೋ ದಿನ ಕಾಗೆ ಓಡಿಸೋಕೆ ಕಪ್ಪು ಬಟ್ಟೆ ಕಟ್ಟಕ್ಕೂ ಒಳ್ಳೇದಾಗಿದೆ, ಯೋಜನೆ ಪೂರ್ತಿ ವೇಸ್ಟ್ ಅಂತ ನಾನಂತೂ ಹೇಳಲ್ಲ.

ಮುಂಚೆ ಹೇಗಿತ್ತು ಅಂದ್ರೆ, ಗುಡ್ಡದ ಮೇಲೆ ಅಬ್ಬಿ, ಅಂದ್ರೆ ನೀರಿನ ಒರತೆ ಇರ್ತಿತ್ತು, ಅಡಿಕೆ ಮರದ ದಬ್ಬೆ ಹಾಕಿ ನೀರು ಸೀದಾ ಬಚ್ಚಲಿಗೆ ತರ್ತಿದ್ರು, ಪಂಪಿಲ್ಲ ಬಿಲ್ಲಿಲ್ಲ. ದಬ್ಬೆ ಹೋಗಿ ಕಪ್ಪು ಪೈಪ್ ಬಂತು, ಮಂಗ ಕಚ್ತಿತ್ತು, ಕಾಡುಕೋಣ ತುಳೀತಿತ್ತು, ಮನೆ ಯಜಮಾನ್ರು ಬೆಳಿಗ್ಗೆ ಕತ್ತಿ ಹಿಡ್ಕೊಂಡು ಪೈಪ್ ಹಿಂದೆ ಗುಡ್ಡ ಹತ್ತೋದೇ ವ್ಯಾಯಾಮ. ಈಗ ಅಬ್ಬೀನೇ ಮಾರ್ಚಿಗೆ ಕೈ ಎತ್ತುತ್ತೆ. ಎತ್ತದೆ ಏನು ಮಾಡ್ತದೆ, ಮೇಲಿನ ಗುಡ್ಡದಲ್ಲಿ ಕಾಡು ಕಡಿದು ಕಾಗದಕ್ಕೆ ಅಂತ ಅಕೇಶಿಯಾ ನೆಟ್ವಿ, ಕೆಳಗೆ ನೀರು ನಿಲ್ಲಿಸ್ಕೊಂಡು ಇಂಗಿಸ್ತಿದ್ದ ಭತ್ತದ ಗದ್ದೆಗೆಲ್ಲ ನೀರು ಬಸಿಯೋ ಕಾಲುವೆ ಕಡಿದು ಅಡಿಕೆ ಹಾಕಿದ್ವಿ, ಅಡಿಕೆಗೆ ರೇಟ್ ಬಂತು ಅಂತ ಹುಲ್ಲು ಬೆಳೆಯೋ ಬ್ಯಾಣಕ್ಕೂ ಹತ್ತಿಸಿದ್ವಿ, ಅದಕ್ಕೆ ನೀರು ಸಾಲ್ದು ಅಂತ ಬೋರ್ ಕೊರೆಸಿದ್ವಿ, ಕೆರೆ ಹೂಳು ಎತ್ತೋದು ಬಿಟ್ಟು ಕೆರೆ ಏರಿ ಮೇಲೆ ಬೆಂಚ್ ಹಾಕಿ "ವಾಯುವಿಹಾರ ಪಥ" ಅಂತ ಬೋರ್ಡ್ ಹಾಕಿದ್ವಿ. ನಮ್ಮ ಜಂಬಿಟ್ಟಿಗೆ ಮಣ್ಣಲ್ಲಿ ನೀರು ನಿಲ್ಲೋದು ಮೊದಲೇ ಕಷ್ಟ, ಬಿದ್ದಿದ್ದು ಇಳಿಜಾರಲ್ಲಿ ಸಮುದ್ರದ ದಾರಿ ಹಿಡೀತದೆ. ಇದನ್ನೆಲ್ಲ ಟ್ಯಾಂಕರ್ ಕ್ಯೂನಲ್ಲಿ ನಿಂತು ಹೇಳಿದ್ರೆ ಹಿಂದಿನೋರು "ಹೌದು ಮಾರ್ರೆ, ಎಲ್ಲ ಸರ್ಕಾರದ್ದೇ ತಪ್ಪು, ಸ್ವಲ್ಪ ಮುಂದೆ ಹೋಗಿ" ಅಂತಾರೆ.

ಇನ್ನು ರೇನ್ ಡ್ಯಾನ್ಸ್. ಇದನ್ನ ಬರೀಬೇಕು ಅಂತಾನೇ ನಾನು ಇವತ್ತು ಕೂತಿದ್ದು. ನಮ್ಮೂರಿಂದ ಮೇಲೆ ಗುಡ್ಡದ ತಲೇಲಿ ಒಂದು ಹೋಂಸ್ಟೇ ಇದೆ, ವೀಕೆಂಡ್ ಪ್ಯಾಕೇಜಲ್ಲಿ ಕ್ಯಾಂಪ್‌ಫೈರ್, ಕಡುಬು, ಕೋಳಿ ಸಾರು, ಜೊತೆಗೆ ರೇನ್ ಡ್ಯಾನ್ಸ್. ಮೇ ತಿಂಗಳಲ್ಲಿ! ಜುಲೈನಲ್ಲಿ ಬಂದ್ರೆ ಇಡೀ ತಾಲೂಕಲ್ಲಿ ಫ್ರೀ ರೇನ್ ಡ್ಯಾನ್ಸ್ ಇರ್ತದೆ, ಕೆಸರು, ಇಂಬಳ ಕೂಡ ಕಾಂಪ್ಲಿಮೆಂಟರಿ, ಆದ್ರೆ ಜುಲೈನಲ್ಲಿ ಇವ್ರು "ರೆಡ್ ಅಲರ್ಟ್ ಇದೆ" ಅಂತ ಬುಕಿಂಗ್ ಕ್ಯಾನ್ಸಲ್ ಮಾಡ್ತಾರೆ. ಮೇನಲ್ಲಿ ತಗಡಿನ ಫ್ರೇಮಿಗೆ ಶವರ್ ಸಿಕ್ಕಿಸಿ, ಡಿಜೆ ಹಾಕಿ, ಕೆಂಪು ನೀಲಿ ಲೈಟಲ್ಲಿ ಮಳೆ ಬರಿಸ್ತಾರೆ. ಆ ಮಳೆ ಎಲ್ಲಿಂದ ಬರ್ತದೆ ಅಂತ ನೋಡಿದ್ರೆ, ಬೆಳಿಗ್ಗೆ ನಮ್ಮ ಕೇರೀಲಿ ಮನೆಗೆ ಎಂಟು ಕೊಡ ಅಂತ ಅಳೆದು ಕೊಟ್ಟ ಅದೇ ಹಾರದ ಟ್ಯಾಂಕರ್, ಹಾರ ಒಣಗಿತ್ತು ಅಷ್ಟೇ, ಸಂಜೆ ಮೊದಲ ಗೇರಲ್ಲಿ ಏದುಸಿರು ಬಿಡ್ತಾ ಗುಡ್ಡ ಹತ್ತುತ್ತಾ ಇತ್ತು. ಡ್ರೈವರ್ ಹುಡುಗನ್ನ ಅಡ್ಡ ಹಾಕಿ ಕೇಳಿದ್ರೆ "ಬೆಳಿಗ್ಗೆದು ಸರ್ಕಾರಿ ಟ್ರಿಪ್ಪು ಅಣ್ಣಾ, ಇದು ಪ್ರೈವೇಟು, ಇದ್ರ ಪೇಮೆಂಟ್ ಕೈ ಮೇಲೆ ಬರ್ತದೆ" ಅಂದ. ನ್ಯಾಯ ಇದೆ. ರಾತ್ರಿ ಹತ್ತು ಗಂಟೆಗೆ ಮೇಲೆ ಬೆಂಗಳೂರಿನ ಹುಡುಗರು "ಮಳೆ ಮಳೆ" ಅಂತ ಕೂಗ್ತಾ ಕುಣೀತಿದ್ರು, ಕೆಳಗೆ ನಮ್ಮ ಕೇರಿ ಹೆಂಗಸ್ರು ಪಾತ್ರೆ ತೊಳೆದ ನೀರನ್ನ ಮಲ್ಲಿಗೆ ಗಿಡಕ್ಕೆ ಹಾಕ್ಬೇಕಾ ಕೊಟ್ಟಿಗೆಗೆ ಹಾಕ್ಬೇಕಾ ಅಂತ ಚರ್ಚೆ ಮಾಡ್ತಿದ್ರು.

ನೆಂಟರದ್ದು ಇನ್ನೊಂದು. ಅವರಿಗೆ ನೀರಿಲ್ಲ ಅಂತ ಹೇಳೋಕೆ ನಾಚಿಕೆ. "ನಿಮ್ಗೇನು ಬಿಡೋ ಮಲೆನಾಡಲ್ಲಿದೀರ, ನಮ್ಮ ಅಪಾರ್ಟ್‌ಮೆಂಟಲ್ಲಿ ಟ್ಯಾಂಕರ್ ನೀರು ಕಣೋ" ಅಂತ ಬಂದೋರು ದಿನಕ್ಕೆ ಎರಡು ಸಲ ಸ್ನಾನ ಮಾಡಿ, ಮೂರನೇ ದಿನ ಬೆಳಿಗ್ಗೆ ಅಂಗಳಕ್ಕೆ ಬಂದ ಟ್ಯಾಂಕರ್ ನೋಡಿ "ಎಂತದಿದು?" ಅಂದ್ರೆ, "ತೋಟಕ್ಕೆ ಔಷಧಿ ಹೊಡೆಯೋಕೆ" ಅಂತ ಚಿಕ್ಕಮ್ಮ ಸುಳ್ಳು ಹೇಳಿ ಮಾನ ಉಳಿಸ್ಕೊಂಡ್ರು.

ಅದೇ ವಾರ ಊರಿನ ವಾಟ್ಸಾಪ್ ಗ್ರೂಪಿಗೆ ಎರಡು ಮೆಸೇಜ್ ಒಟ್ಟಿಗೆ ಬಂದ್ವು. ಮೊದಲನೇದು ನೀರು ಮಿತವಾಗಿ ಬಳಸಿ ಅಂತ. ಎರಡನೇದು ಹೊನಲು ಬೆಳಕಿನ ಅಂಡರ್ ಆರ್ಮ್ ಕ್ರಿಕೆಟ್ ಪಂದ್ಯಾವಳಿ, ಧೂಳು ಏಳದ ಹಾಗೆ ಮೈದಾನಕ್ಕೆ ನೀರು ಹೊಡೆಸಿದ ದಾನಿಗಳಿಗೆ ಧನ್ಯವಾದ ಅಂತ. ಎರಡಕ್ಕೂ ಒಂದೇ ಮೆಂಬರ್ರು ಥಂಬ್ಸ್ ಅಪ್ ಒತ್ತಿದ್ರು.

ಸಭೆ ಆಗ್ಲಿಲ್ಲ ಅಂತ ಅನ್ಕೋಬೇಡಿ. ತಾಲೂಕಿಗೆ ಒಂದು ಟಾಸ್ಕ್ ಫೋರ್ಸ್ ಇರ್ತದೆ, ಬೇಸಿಗೇಲಿ ಕೂರ್ತದೆ. ಜನವರಿಯಲ್ಲಿ ಕೂರಿ ಅಂತ ಯಾರೋ ಹಿರಿಯರು ಒಮ್ಮೆ ಅಂದಿದ್ರಂತೆ, "ಆಗ ಸಮಸ್ಯೆ ಇರಲ್ವಲ್ಲ, ಅಜೆಂಡಾ ಏನಂತ ಬರೀಲಿ?" ಅಂತ ಕೇಳಿದ್ರಂತೆ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 223 ತಾಲೂಕು ಬರಪೀಡಿತ ಅಂತ ಆದಾಗ ಮಲೆನಾಡಿನ ತಾಲೂಕುಗಳೂ ಪಟ್ಟಿಗೆ ಸೇರಿದ್ವು, ಆ ವರ್ಷ ಅಜೆಂಡಾಗೆ ಬರ ಇರ್ಲಿಲ್ಲ ನೋಡಿ. ಈ ಸಲದ ಸಭೇಲಿ ಇಂಗುಗುಂಡಿ ತೆಗೆಸೋದು ಅಂತ ಸರ್ವಾನುಮತದ ತೀರ್ಮಾನ. ಒಳ್ಳೇ ಕೆಲಸ. ಎಸ್ಟಿಮೇಟ್ ಆಗಿ, ಅನುಮೋದನೆ ಆಗಿ, ಜೆಸಿಬಿ ಬರೋ ಹೊತ್ತಿಗೆ ಜೂನ್ ಮೂರನೇ ವಾರ, ಜೆಸಿಬಿ ಗುಡ್ಡದ ಕೆಸರಲ್ಲಿ ಹೂತ್ಕೊಂತು, ಅದನ್ನ ಎತ್ತೋಕೆ ಇನ್ನೊಂದು ಜೆಸಿಬಿ ಬಂತು. ಆ ಎರಡು ಗಾಡಿ ಉರುಳಾಡಿದ ಜಾಗದಲ್ಲಿ ಆದ ಗುಂಡೀಲಿ ಈಗ ಚೆನ್ನಾಗಿ ನೀರು ನಿಂತಿದೆ, ಅದನ್ನೇ ಫೋಟೋ ಹೊಡೆದು ಕಾಮಗಾರಿ ಪೂರ್ಣ ಅಂತ ಬಿಲ್ ಮಾಡಿದ್ರು.

ಶಾಮಿಯಾನದೋನಿಗೂ ಅಶ್ವತ್ಥಕಟ್ಟೆ ಜಾಗ ಕಾಯಂ ಆಗಿದೆ. ಜುಲೈ ಕೊನೇಲಿ ಅಲ್ಲೇ ಅತಿವೃಷ್ಟಿ ಪರಿಹಾರದ ಚೆಕ್ ವಿತರಣೆ ಇಟ್ಕೊಂಡಿದಾರೆ, ಮುಖಗಳು ಅವೇ, ಫ್ಲೆಕ್ಸಿನ ಕೆಳಗಿನ ಸಾಲು ಮಾತ್ರ ಬದಲು. ಇದರ ಮಧ್ಯೆ ಟ್ಯಾಂಕರ್ ಓನರ್ ಇನ್ನೊಂದು ಹೊಸ ಟ್ಯಾಂಕರ್‌ಗೆ ಬುಕ್ ಮಾಡಿದಾನೆ, ಮುಂದಿನ ಏಪ್ರಿಲ್‌ಗೆ ರೆಡಿ ಇರ್ಲಿ ಅಂತ. ಮಳೆ ಧೋ ಅಂತ ಸುರಿಯೋ ದಿನಾನೇ ಕೊಡೆ ಹಿಡ್ಕೊಂಡು ಬ್ಯಾಂಕಿಗೆ ಹೋಗಿದ್ನಂತೆ. ನಮ್ಮಂಥೋರು ಕೊಟ್ಟಿಗೆ ರಿಪೇರಿಗೆ ಲೋನ್ ಕೇಳಿದ್ರೆ ಪಹಣಿ ತನ್ನಿ, ಜಾಮೀನು ತನ್ನಿ, ಆದಾಯ ತೋರಿಸಿ ಅಂತ ಆರು ತಿಂಗಳು ಓಡಾಡಿಸೋ ಮ್ಯಾನೇಜರ್ರು ಇವನಿಗೆ ಕುರ್ಚಿ ಎಳೆದು ಕೂರಿಸಿ, ಕಾಫಿ ತರಿಸಿ, ಒಂದೇ ವಾರದಲ್ಲಿ ಸ್ಯಾಂಕ್ಷನ್ ಮಾಡಿದಾರೆ.