ಹೊಸ್ತಿಲ ಮೇಲೆ ನಿಂತ ಕೋಚ್‌ಗಳು

ಬ್ರೂಸ್ ಪರ್ಲ್ ಅವರಿಗೆ ಸುಸ್ತಾಯಿತಂತೆ. ಪಾಪ. ಅಮೆರಿಕದ ಅಲಬಾಮಾದಲ್ಲಿರುವ ಆಬರ್ನ್ ಯೂನಿವರ್ಸಿಟಿಯ ಬಾಸ್ಕೆಟ್‌ಬಾಲ್ ತಂಡವನ್ನು 2025ರ ಏಪ್ರಿಲ್‌ನಲ್ಲಿ ಫೈನಲ್ ಫೋರ್‌ಗೆ, ಅಂದರೆ ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕು ತಂಡಗಳ ಸುತ್ತಿಗೆ, ಒಯ್ದಾಗ ಸುಸ್ತಿರಲಿಲ್ಲ. ಮೇ, ಜೂನ್, ಜುಲೈನಲ್ಲೂ ಗಟ್ಟಿಮುಟ್ಟಾಗಿಯೇ ಇದ್ದರು. ಸೀಸನ್ ಶುರುವಾಗಲು ಆರು ವಾರ ಇದೆ ಅನ್ನುವಾಗ, ಸೆಪ್ಟೆಂಬರ್‌ನಲ್ಲಿ, ಸುಸ್ತು ಬಡಿಯಿತು, ಕೋಚ್ ಕೆಲಸ ಬಿಟ್ಟರು. ಏಪ್ರಿಲ್‌ನಲ್ಲೇ ಸುಸ್ತಾಗಿದ್ದರೆ ಯೂನಿವರ್ಸಿಟಿ ಹೊಸ ಕೋಚ್ ಹುಡುಕುತ್ತಿತ್ತು, ನಾಲ್ಕು ಜನರನ್ನು ಕರೆದು ಮಾತಾಡಿಸುತ್ತಿತ್ತು. ಸೆಪ್ಟೆಂಬರ್‌ನಲ್ಲಿ ಯಾರನ್ನು ಹುಡುಕೋದು? ಪಕ್ಕದ ಕುರ್ಚಿಯಲ್ಲಿ ಒಬ್ಬ ಅಸಿಸ್ಟೆಂಟ್ ಇದ್ದರು, ಅವರನ್ನೇ ಕೂರಿಸಿದರು. ಹೆಸರು ಸ್ಟೀವನ್ ಪರ್ಲ್. ಹೌದು, ಮಗನೇ.

ಪರ್ಲ್ ಸೆನೆಟ್ ಚುನಾವಣೆಗೆ ನಿಲ್ಲುತ್ತಾರೆ ಅಂತಲೂ ಗುಸುಗುಸು ಇತ್ತು. ಅವರು ನಿಲ್ಲಲ್ಲ ಅಂದರು. ಕುರ್ಚಿಯನ್ನು ಮಗನಿಗೆ ದಾಟಿಸಿದ ಮೇಲೆ ಇನ್ನೇನು ರಾಜಕೀಯ ಬಾಕಿ ಉಳಿದಿತ್ತು, ಬಿಡಿ.

ಈ ಉಪಾಯ ಹಳೆಯದೇ. ನಾರ್ತ್ ಕ್ಯಾರೊಲಿನಾ ಯೂನಿವರ್ಸಿಟಿಯ ಡೀನ್ ಸ್ಮಿತ್ 1997ರಲ್ಲಿ ಅಕ್ಟೋಬರ್‌ವರೆಗೂ ಕಾದು ತಮ್ಮ ಹಳೆಯ ಅಸಿಸ್ಟೆಂಟ್‌ಗೆ ಜಾಗ ಬಿಟ್ಟರು. ಅಂಗಳಕ್ಕೆ ಕುರ್ಚಿ ಎಸೆದು ಹೆಸರಾಗಿದ್ದ ಬಾಬ್ ನೈಟ್ 2008ರ ಫೆಬ್ರವರಿಯಲ್ಲಿ, ಸೀಸನ್ ಅರ್ಧದಲ್ಲೇ ಎದ್ದು ಹೋದರು. ಈ ಕುರ್ಚಿಯನ್ನು ಎಸೆಯಲಿಲ್ಲ. ಮಗ ಪ್ಯಾಟ್‌ಗೆ ಸಿಕ್ಕಿತು.

ನಮ್ಮ ಕಡೆ ನೆಂಟರು ಹೊರಡೋದು ಹೇಗೆ ಅಂತ ಗೊತ್ತಲ್ವಾ? ‘ಬರ್ತೀವಿ’ ಅಂತ ಏಳುತ್ತಾರೆ. ಕುಂಕುಮ ಆಗುತ್ತದೆ. ಚಪ್ಪಲಿ ಮೆಟ್ಟುತ್ತಾರೆ. ಆಮೇಲೆ ಹೊಸ್ತಿಲ ಹತ್ತಿರ ನಿಂತು ಮುಕ್ಕಾಲು ಗಂಟೆ ಮಾತು. ಗೇಟಿನ ಹತ್ತಿರ ಇನ್ನೊಂದು ಕಾಲು ಗಂಟೆ. ಡ್ಯೂಕ್ ಯೂನಿವರ್ಸಿಟಿಯ ಮೈಕ್ ಶಶೆಫ್‌ಸ್ಕಿ ನಮ್ಮವರೇ ಇರಬೇಕು. (ಆ ಹೆಸರು ಬರೆಯಲು ನನಗೂ ಓದಲು ನಿಮಗೂ ಕಷ್ಟ, ಎಲ್ಲರ ಹಾಗೆ ಕೋಚ್ ಕೆ ಅನ್ನೋಣ.) 42 ಸೀಸನ್, ಐದು ರಾಷ್ಟ್ರೀಯ ಪಟ್ಟ. 2021ರ ಜೂನ್‌ನಲ್ಲಿ ‘ಬರ್ತೀನಿ’ ಅಂದರು. ಗೇಟು ದಾಟಿದ್ದು 2022ರ ಏಪ್ರಿಲ್‌ನಲ್ಲಿ.

ಡ್ಯೂಕ್‌ನಿಂದ ಅರ್ಧ ಗಂಟೆ ದೂರದ ಕ್ಯಾರಿಯಲ್ಲಿ ನನ್ನ ಹೆಂಡತಿಯ ತಮ್ಮ ಇದ್ದಾನೆ. ಡ್ಯೂಕ್‌ನಲ್ಲಿ ಓದಿದವನಲ್ಲ, ಅಲ್ಲಿ ಪಾರ್ಕಿಂಗ್‌ಗೆ ದುಡ್ಡು ಕೊಟ್ಟವನು ಅಷ್ಟೇ. ಮಾರ್ಚ್ 5ಕ್ಕೆ ಕೋಚ್ ಕೆ ಅವರ ಕೊನೆಯ ತವರು ಪಂದ್ಯ. ಇವನು ಮನೆಮಂದಿಗೆಲ್ಲ ನೀಲಿ ಟೀ ಶರ್ಟ್ ತೊಡಿಸಿ ಟಿವಿ ಮುಂದೆ ಕೂರಿಸಿದ್ದ. ಅಲ್ಲಿ 96 ಹಳೆಯ ಆಟಗಾರರು ಬಂದು ಸಾಲಾಗಿ ನಿಂತಿದ್ದರು. ಎದುರಾಳಿ ಪಕ್ಕದೂರಿನ ಬದ್ಧ ವೈರಿ ನಾರ್ತ್ ಕ್ಯಾರೊಲಿನಾ. ಡ್ಯೂಕ್ 94-81ರಲ್ಲಿ ಸೋತಿತು. ಕೋಚ್ ಕೆ ಮೈಕ್ ಹಿಡಿದು, ಇವತ್ತಿನ ಆಟ ಒಪ್ಪುವಂಥದ್ದಲ್ಲ ಅಂತ ಎಲ್ಲರ ಎದುರು ಹೇಳಿದರು. ಮದುವೆ ಊಟದಲ್ಲಿ ಸಾರಿಗೆ ಉಪ್ಪಿಲ್ಲ ಅಂತ ಹುಡುಗಿಯ ಅಪ್ಪನೇ ಮೈಕಿನಲ್ಲಿ ಕೂಗಿದ ಹಾಗಾಯಿತು.

ನಾಲ್ಕು ವಾರಕ್ಕೆ ಫೈನಲ್ ಫೋರ್. ಮತ್ತೆ ಅದೇ ನಾರ್ತ್ ಕ್ಯಾರೊಲಿನಾ, ಮತ್ತೆ ಸೋಲು, 81-77. ಅವತ್ತು ಏಪ್ರಿಲ್ 2, ಯುಗಾದಿ. ಕ್ಯಾರಿಯ ಮನೆಗೆ ಬೇವು ಬಂತು, ಬೆಲ್ಲ ಪಕ್ಕದೂರಿನವರಿಗೆ ಹೋಯಿತು. ಹಬ್ಬದ ಶುಭಾಶಯ ಹೇಳೋಣ ಅಂತ ಫೋನ್ ಮಾಡಿದರೆ ‘ಆಮೇಲೆ ಮಾತಾಡೋಣ ಭಾವ’ ಅಂತ ಇಟ್ಟುಬಿಟ್ಟ.

ಆದರೂ ಕೋಚ್ ಕೆ ಹೇಳಿದ ತಾರೀಕಿಗೆ ಹೋದರು. ಸಿರಕ್ಯೂಸ್‌ನ ಜಿಮ್ ಬೇಹೈಮ್ ಕಥೆ ಬೇರೆ. 1962ರಲ್ಲಿ ವಿದ್ಯಾರ್ಥಿಯಾಗಿ ಆ ಕಾಲೇಜಿಗೆ ಬಂದವರು. 1976ರಲ್ಲಿ ಹೆಡ್ ಕೋಚ್ ಆದರು. 2015ರಲ್ಲಿ, ಇನ್ನು ಮೂರು ವರ್ಷಕ್ಕೆ ಬಿಡ್ತೀನಿ ಅಂದರು. ಮುಂದಿನ ಕೋಚ್ ಅಂತ ಗೊತ್ತುಮಾಡಿದ್ದ ಮೈಕ್ ಹಾಪ್ಕಿನ್ಸ್ ಕಾದರು, ಕಾದರು, 2017ರಲ್ಲಿ ಬೇರೆ ಕಡೆ ಕೆಲಸ ಹಿಡಿದು ಹೊರಟರು. ಸರಿ, ಹಾಗಾದರೆ ನಾನೇ ಇರ್ತೀನಿ ಅಂದರು ಬೇಹೈಮ್. 2021–22ರಲ್ಲಂತೂ ಅಪ್ಪ ಕೋಚ್, ಇಬ್ಬರು ಗಂಡುಮಕ್ಕಳೂ ತಂಡದಲ್ಲಿ. ಒಂದು ಅಡುಗೆಮನೆ ಇದ್ದಿದ್ದರೆ ಸಂಸಾರವೇ ಪೂರ್ತಿ. ಅವರ ಇಡೀ ವೃತ್ತಿಯಲ್ಲಿ ಗೆಲುವಿಗಿಂತ ಸೋಲು ಜಾಸ್ತಿಯಾದ ಮೊದಲ ಸೀಸನ್ ಅದೇ, 16 ಗೆಲುವು, 17 ಸೋಲು.

ಬೇಹೈಮ್ ಒಟ್ಟು ಎಷ್ಟು ಪಂದ್ಯ ಗೆದ್ದರು ಅಂತ ಕೇಳಬೇಡಿ. ಕಣ್ಣಲ್ಲಿ ನೋಡಿದವರ ಲೆಕ್ಕ 1,116. ಕಾಲೇಜು ಕ್ರೀಡೆಯನ್ನು ಆಳುವ ಎನ್‌ಸಿಎಎ ಲೆಕ್ಕ 1,015. ನಿಯಮ ಮುರಿದ ತಪ್ಪಿಗೆ 101 ಗೆಲುವು ಅಳಿಸಿದರು. ಹಾಗಾಗಿ ಈ ಪುಣ್ಯಾತ್ಮರು ಸಾವಿರದ ಗೆಲುವನ್ನು ಎರಡು ಸಲ ದಾಟಿದ್ದಾರೆ. ಮಜಾ ಏನಂದರೆ, ಅಳಿಸಿದ ಗೆಲುವನ್ನು ಎದುರಾಳಿಗೆ ಕೊಡುವುದಿಲ್ಲ. ಸೋತವರು ಸೋತೇ ಇದ್ದಾರೆ. ಗೆದ್ದವರು ಮಾತ್ರ ಗೆದ್ದಿಲ್ಲ.

ಇನ್ನೂ ಮಜಾ ಬೇಕಾದರೆ ರಿಕ್ ಪಿಟಿನೊ ಅವರ ಬೆನ್ನು ನೋಡಬೇಕು. 2013ರಲ್ಲಿ ಇವರ ಲೂಯಿವಿಲ್ ತಂಡ ಮಿಶಿಗನ್ ಅನ್ನು 82-76ರಲ್ಲಿ ಸೋಲಿಸಿ ಪಟ್ಟ ಗೆದ್ದಿತು. ಹುಡುಗರಿಗೆ ಮಾತು ಕೊಟ್ಟಿದ್ದರಂತೆ, ಅರುವತ್ತು ದಾಟಿದ ಮನುಷ್ಯ ಹೋಗಿ ಬೆನ್ನಿಗೆ ಹಚ್ಚೆ ಹಾಕಿಸಿಕೊಂಡರು. ಒಂದು ‘ಎಲ್’ ಅಕ್ಷರ, ಚಾಂಪಿಯನ್ಸ್, 2013, ಆ ವರ್ಷದ ಲೆಕ್ಕ 35-5. ಐದು ವರ್ಷದ ಮೇಲೆ, ಹಾಸ್ಟೆಲ್‌ನಲ್ಲಿ ನಡೆದಿದ್ದ ಅಸಹ್ಯ ಹೊರಗೆ ಬಂದು ಎನ್‌ಸಿಎಎ ಪಟ್ಟ ಕಿತ್ತುಕೊಂಡಿತು. ನನಗೇನೂ ಗೊತ್ತಿರಲಿಲ್ಲ ಅಂದರು ಪಿಟಿನೊ. ಛಾವಣಿಗೆ ಕಟ್ಟಿದ್ದ ಬ್ಯಾನರ್ ಇಳಿಯಿತು. 2013ರ ಚಾಂಪಿಯನ್ ಯಾರು? ಮಿಶಿಗನ್ ಅಲ್ಲ. ಲೂಯಿವಿಲ್ಲೂ ಅಲ್ಲ. ಸದ್ಯಕ್ಕೆ ಆ ಪಟ್ಟ ಇರುವುದು ಪಿಟಿನೊ ಅವರ ಷರ್ಟಿನ ಒಳಗೆ ಮಾತ್ರ. ಬೆನ್ನು ಕೆರೆಯಿರಿ ಅಂತ ಯಾವ ನಿಯಮದಲ್ಲಿ ನೋಟಿಸ್ ಕೊಡೋದು? ಎಪ್ಪತ್ತು ದಾಟಿದ ಮೇಲೂ ಅವರು ಸೇಂಟ್ ಜಾನ್ಸ್‌ನಲ್ಲಿ ಕೋಚ್, ಗೆಲ್ಲುತ್ತಲೂ ಇದ್ದಾರೆ.

ನಗೋದು ಇಲ್ಲಿಗೆ ಸಾಕು. ಅಳಿಸಿ ಹಾಕಿದ ಆ ಪಂದ್ಯಗಳನ್ನು ಆಡಿದವರು ಹತ್ತೊಂಬತ್ತು, ಇಪ್ಪತ್ತು ವರ್ಷದ ಹುಡುಗರು. ಮಂಡಿ ಸವೆಸಿಕೊಂಡು ಆಡಿದರು. ಸಂಬಳ ಇರಲಿಲ್ಲ, ಈಗ ಗೆಲುವೂ ಇಲ್ಲ. ಕೋಚ್ ತೆಗೆದುಕೊಂಡ ಸಂಬಳವನ್ನು ಯಾರಾದರೂ ಅಳಿಸಿದರಾ? 2021ರವರೆಗೆ ಹುಡುಗ ಕಾಲೇಜು ಬದಲಿಸಿದರೆ ಒಂದು ವರ್ಷ ಬೆಂಚಿನಲ್ಲಿ ಕೂರಬೇಕಿತ್ತು. ಕೋಚ್ ರಾತ್ರೋರಾತ್ರಿ ಹೋಗಬಹುದಿತ್ತು. ಕೆಂಟಕಿಯ ಜಾನ್ ಕ್ಯಾಲಿಪರಿ 2019ರಲ್ಲಿ ‘ಜೀವನಪೂರ್ತಿ’ ಒಪ್ಪಂದ ಮಾಡಿಕೊಂಡರು, 10 ವರ್ಷಕ್ಕೆ 8.6 ಕೋಟಿ ಡಾಲರ್. ಆ ಜೀವನ ಐದು ವರ್ಷಕ್ಕೆ ಮುಗಿಯಿತು, 2024ರಲ್ಲಿ ಅರ್ಕಾನ್ಸಾಸ್‌ಗೆ ಹೋದರು. ಈಗ ಹುಡುಗರೂ ದುಡ್ಡು ನೋಡಿ ಹೋಗುತ್ತಾರೆ. ಅಷ್ಟಕ್ಕೇ ಹಿರಿಯರಿಗೆ ನಿಷ್ಠೆ ನೆನಪಾಗಿಬಿಟ್ಟಿದೆ. ಸಾಕು ಮಾಡಿ ಸ್ವಾಮಿ. ನಾಚಿಕೆ ಆಗಬೇಕು.

2023ರ ಫೆಬ್ರವರಿಯಲ್ಲಿ ಬೇಹೈಮ್ ಕೂಡ ಇದನ್ನೇ ಗೊಣಗಿದರು. ಪಿಟ್ಸ್‌ಬರ್ಗ್‌ನವರು ದುಡ್ಡು ಕೊಟ್ಟು ತಂಡ ಕೊಂಡಿದ್ದಾರೆ, ಮಯಾಮಿಯವರು ಕೊಂಡಿದ್ದಾರೆ, ವೇಕ್ ಫಾರೆಸ್ಟ್‌ನವರು ಕೊಂಡಿದ್ದಾರೆ ಅಂತ. ಕುಣಿಯಲಾರದವಳಿಗೆ ನೆಲ ಡೊಂಕು. ವೇಕ್ ಫಾರೆಸ್ಟ್ ವಿಷಯದಲ್ಲಿ ಬಾಯಿ ತಪ್ಪಿತು ಅಂತ ಆಮೇಲೆ ಹೇಳಿದರು. ಮುಂದಿನ ತಿಂಗಳು, ಮಾರ್ಚ್ 8ಕ್ಕೆ, ಗ್ರೀನ್ಸ್‌ಬರೋದಲ್ಲಿ ಪಂದ್ಯ. ಯಾರ ಜೊತೆ ಅಂತೀರಿ? ವೇಕ್ ಫಾರೆಸ್ಟ್. ಕೊನೆಯ ಕ್ಷಣದಲ್ಲಿ ಆ ಕಡೆಯ ಹುಡುಗ ದೂರದಿಂದ ಎಸೆದ ಚೆಂಡು ಬುಟ್ಟಿಗೆ ಬಿತ್ತು. 77-74.

ಮುಂದೇನು ಸಾರ್ ಅಂತ ಪತ್ರಕರ್ತರು ಕೇಳಿದರು. ಅದು ಯೂನಿವರ್ಸಿಟಿಗೆ ಬಿಟ್ಟದ್ದು ಅಂದರು. ನಿವೃತ್ತಿ ಭಾಷಣ ಹೋದ ವಾರವೇ ಮಾಡಿದ್ದೆ, ಯಾರೂ ಗಮನಿಸಲಿಲ್ಲ ಅಂತಲೂ ಅಂದರು. ಕೆಲವೇ ಗಂಟೆಯಲ್ಲಿ ಯೂನಿವರ್ಸಿಟಿಯ ಪ್ರಕಟಣೆ ಬಂತು, ಹೊಸ ಕೋಚ್ ಏಡ್ರಿಯನ್ ಆಟ್ರಿ ಅಂತ. 47 ಸೀಸನ್ ಕೂತಿದ್ದ ಮನುಷ್ಯ ತಾನಾಗಿ ಎದ್ದರಾ, ಎಬ್ಬಿಸಿದರಾ ಅಂತ ಎಷ್ಟು ಸಲ ಓದಿದರೂ ಅದರಲ್ಲಿ ಗೊತ್ತಾಗಲಿಲ್ಲ.

ಕ್ಯಾರಿಗೆ ಫೋನ್ ಮಾಡಿದೆ. ಈ ಸಲ ಮೊದಲ ರಿಂಗಿಗೇ ಎತ್ತಿದ. ‘ಭಾವ, ನಮ್ಮವರು ಹೇಳಿ ಹೋದರು, ಅಲ್ವಾ?’