ಕಣ್ಣಿಗೆ ಕಾಣದ ಕಡೆ ಹಾಕಿದ ದುಡ್ಡು

ನಾನು ಕೊಂಡ ಹಳೆಯ ಗಾಡಿಯ ಬಾಗಿಲಿನ ಒಳಹಲಗೆ ಬಿಚ್ಚಿದ ಕೂಡಲೇ ಕೆಂಪು ಪುಡಿ ನನ್ನ ಮೊಣಕಾಲಿನ ಮೇಲೆ ಸುರಿಯಿತು. ಅದು ಮಣ್ಣಲ್ಲ, ಕಬ್ಬಿಣದ ಅದಿರು. ಅಂಗೈಗೆ ಹಾಕಿಕೊಂಡರೆ ತೂಕದಲ್ಲೇ ತಿಳಿಯುತ್ತದೆ. ಉಜ್ಜಿದರೆ ಬೆರಳಿನ ಗೆರೆಗಳಲ್ಲಿ ಕೂತು ಎರಡು ದಿನ ಬಿಡುವುದಿಲ್ಲ. ನಾಲ್ಕು ಬಾಗಿಲುಗಳಿಂದ ಗುಡಿಸಿ ತೆಗೆದದ್ದು ಒಂದು ತಂಬಿಗೆ ತುಂಬಿತು. ಸೀಟಿನ ಕೆಳಗೆ, ಡ್ಯಾಶ್‌ಬೋರ್ಡಿನ ಹಿಂದೆ, ಸೀಟ್ ಬೆಲ್ಟ್ ಸುತ್ತಿಕೊಳ್ಳುವ ಡಬ್ಬಿಯೊಳಗೆ, ಎಲ್ಲ ಕಡೆ ಅದೇ ಪುಡಿ.

ನಾನು ಕೊಂಡದ್ದು 2011ರ ಬೊಲೆರೋ. ಸಂಡೂರು ಕಡೆಯ ಗಣಿಯೊಂದರಲ್ಲಿ ಮೇಲ್ವಿಚಾರಕರನ್ನು ಹೊತ್ತು ಓಡಾಡಿದ ಗಾಡಿ. ಅದೇ ವರ್ಷದ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತ್ತು. ಗಾಡಿ ಆಗ ಶೆಡ್ಡಿನಲ್ಲಿ ನಿಂತು, ಗಣಿ ಮತ್ತೆ ತೆರೆದ ಮೇಲೆ ವರ್ಷಗಟ್ಟಲೆ ಅದೇ ಗುಡ್ಡ ಹತ್ತಿ ಇಳಿದಿದೆ. ಈಗ ಅದೇ ಗುಡ್ಡಗಳಿಗೆ ನಾನು ಅದನ್ನು ಹಕ್ಕಿ ನೋಡಲು, ಒಂದು ರಾತ್ರಿ ತಂಗಲು ಒಯ್ಯುತ್ತಿದ್ದೇನೆ. ಈ ಮಾತು ನನಗೆ ದೊಡ್ಡದು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕಳೆದ ವಾರ ಗಾಡಿಯ ಫೋಟೋ ಹಾಕಿದಾಗ ಗೆಳೆಯರೆಲ್ಲ ಕೇಳಿದ್ದು ಒಂದೇ: "ಏನು ಮಾಡಿಸಿದ್ದೀರಿ? ಏನೂ ಕಾಣುವುದಿಲ್ಲವಲ್ಲ!" ಮುಂದೆ ಕಬ್ಬಿಣದ ಗಾರ್ಡ್ ಇಲ್ಲ, ಮೇಲೆ ಸಾಲು ದೀಪ ಇಲ್ಲ, ಎತ್ತರ ಹೆಚ್ಚಿಸಿಲ್ಲ, ದಪ್ಪ ಟೈರು ಇಲ್ಲ. ನಿಜ, ಕಾಣುವುದಿಲ್ಲ. ಹಳೆಯ ಗಾಡಿಯನ್ನು ಕಾಡಿನ ದಾರಿಗೆ ಸಿದ್ಧ ಮಾಡುವವನು ಹಾಕುವ ದುಡ್ಡು ಬಹುಮಟ್ಟಿಗೆ ಕಣ್ಣಿಗೆ ಕಾಣದ ಕಡೆ ಹೋಗಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಮೊದಲು ನಾನೂ ದೊಡ್ಡ ಊರಿನಲ್ಲಿ ಗಾಡಿಗಳ ರೂಪ ಬದಲಿಸುವ ಒಂದು ಅಂಗಡಿಗೆ ಹೋಗಿದ್ದೆ. ಹೆಸರು ಬೇಡ. ಅವರು ಗಾಡಿಯ ಬಾನೆಟ್ ತೆರೆಯಲಿಲ್ಲ, ಕೆಳಗೆ ಬಗ್ಗಿ ನೋಡಲಿಲ್ಲ. ಗೋಡೆಯ ಮೇಲಿನ ಚಿತ್ರಗಳನ್ನು ತೋರಿಸಿ 1,85,000 ರೂಪಾಯಿಯ ಪಟ್ಟಿ ಬರೆದುಕೊಟ್ಟರು. ಆ ಪಟ್ಟಿಯಲ್ಲಿ ಬ್ರೇಕ್ ಎಂಬ ಪದವೇ ಇರಲಿಲ್ಲ. ಹದಿನಾಲ್ಕು ವರ್ಷ ದುಡಿದ ಗಾಡಿಗೆ, ಗುಡ್ಡ ಇಳಿಯಬೇಕಾದ ಗಾಡಿಗೆ! ಆ ಪಟ್ಟಿಯ ಅರ್ಧದಷ್ಟು ಕಾನೂನಿಗೆ ವಿರುದ್ಧ ಎಂಬುದನ್ನೂ ಅವರು ಹೇಳಲಿಲ್ಲ. ತಯಾರಕರು ಕೊಟ್ಟ ಮೂಲ ರೂಪವನ್ನು ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿದಿದೆ. ತಪ್ಪಿದರೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ. ಮುಂಭಾಗದ ಕಬ್ಬಿಣದ ಗಾರ್ಡ್‌ಗಳನ್ನು ತೆಗೆಸಬೇಕೆಂದು ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಆ ಗಾರ್ಡ್‌ಗೆ ಯಾರಾದರೂ ಸಿಕ್ಕರೆ ಬದುಕುವುದು ಕಷ್ಟ. ಡಿಕ್ಕಿಯ ಪೆಟ್ಟು ನೇರವಾಗಿ ಚಾಸಿಗೆ ಇಳಿಯುವುದರಿಂದ ಒಳಗಿರುವವರಿಗೂ ಕೆಡುಕು. ನನ್ನ ಗಾಡಿಯ ನೋಂದಣಿಗೆ ಹದಿನೈದು ವರ್ಷ ತುಂಬಲು ಇನ್ನು ಕೆಲವೇ ತಿಂಗಳು. ಆರ್‌ಟಿಒ ಕಚೇರಿಯ ಮುಂದೆ ತಪಾಸಣೆಗೆ ನಿಲ್ಲಿಸಿ ಐದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಅಲ್ಲಿ ಅಲಂಕಾರದ ಗಾಡಿ ನಿಲ್ಲುವುದಿಲ್ಲ, ಸರಿಯಾದ ಗಾಡಿ ನಿಲ್ಲುತ್ತದೆ.

ಕೊಳ್ಳುವವರು ಟೈರಿನ ಹಲ್ಲು ನೋಡಿ ತೃಪ್ತಿಪಡುತ್ತಾರೆ. ನನ್ನ ಗಾಡಿಯ ಟೈರುಗಳಲ್ಲಿ ಹಲ್ಲು ಚೆನ್ನಾಗಿಯೇ ಇತ್ತು. ಆದರೆ ಟೈರಿನ ಪಕ್ಕೆಯಲ್ಲಿ, ಚಿಕ್ಕ ಅಂಡಾಕಾರದ ಚೌಕಟ್ಟಿನೊಳಗೆ, ನಾಲ್ಕು ಅಂಕಿಗಳಿರುತ್ತವೆ. ನನ್ನ ಗಾಡಿಯಲ್ಲಿ ಇದ್ದದ್ದು 2315. ಮೊದಲೆರಡು ವಾರ, ಕೊನೆಯೆರಡು ವರ್ಷ: 2015ರ ಇಪ್ಪತ್ತಮೂರನೇ ವಾರ ಎಂದರ್ಥ. ಬೆರಳಿನ ಉಗುರು ಒತ್ತಿದರೆ ರಬ್ಬರ್ ಒಂದಿಷ್ಟೂ ಜಗ್ಗುತ್ತಿರಲಿಲ್ಲ, ಒಣಗಿದ ತೆಂಗಿನ ಚಿಪ್ಪಿನ ಹಾಗಿತ್ತು. ಹಲ್ಲಿನ ಬುಡದಲ್ಲಿ ಕೂದಲೆಳೆಯ ಬಿರುಕುಗಳು. ಬಳ್ಳಾರಿಯ ಬಿಸಿಲಿನಲ್ಲಿ ಹತ್ತು ವರ್ಷ ಬೆಂದ ರಬ್ಬರ್ ಒದ್ದೆ ಕಲ್ಲಿನ ಮೇಲೆ ಏನು ಹಿಡಿದೀತು? ಕಂಪನಿ ಹೇಳಿದ ಅಳತೆಯಲ್ಲೇ, 215/75 ಆರ್ 15ರಲ್ಲೇ, ಡಾಂಬರಿಗೂ ಮಣ್ಣಿಗೂ ಒಗ್ಗುವ ಐದು ಹೊಸ ಟೈರು ಹಾಕಿಸಿದೆ. ಐದನೆಯದು ಸ್ಟೆಪ್ನಿ. ಬೊಲೆರೋದ ಹಿಂಬಾಗಿಲಿನಲ್ಲಿ ಸದಾ ಬಿಸಿಲಿಗೆ ನೇತಾಡುವ ಅದನ್ನು ಎಲ್ಲರೂ ಮರೆಯುತ್ತಾರೆ. ಕಾಡಿನಲ್ಲಿ ಕೈಕೊಡುವುದು ಅದೇ.

ಇನ್ನು ಗಾಡಿ ರಿಪೇರಿ ಮಾಡಿದ ಮೆಕ್ಯಾನಿಕ್ ಉಸ್ತಾದರ ಮಾತು. ಬಳ್ಳಾರಿಯ ಕೌಲ್ ಬಜಾರ್ ಕಡೆ ಅವರ ಶೆಡ್ಡು. ಹೆಸರು ಹಾಕಬೇಡಿ ಎಂದಿದ್ದಾರೆ. ಗಾಡಿ ಒಯ್ದ ದಿನ ನಾನು ಗಿಯರ್ ಬಾಕ್ಸ್, ಇಂಜಿನ್ ಶಕ್ತಿ ಎಂದು ಏನೇನೋ ಕೇಳುತ್ತಿದ್ದೆ. ಅವರು ಎಲ್ಲ ಕೇಳಿಸಿಕೊಂಡು, "ಅಣ್ಣಾ, ಓಡುವುದನ್ನು ಆಮೇಲೆ ನೋಡೋಣ. ಮೊದಲು ಇದಕ್ಕೆ ನಿಲ್ಲುವುದನ್ನು ಕಲಿಸೋಣ" ಎಂದರು.

ಹಿಂದಿನ ಬಲಗಾಲಿಯ ಬ್ರೇಕ್ ಡ್ರಮ್ ಕಳಚುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಸುತ್ತಲೂ ಸುತ್ತಿಗೆಯಿಂದ ಸಣ್ಣಗೆ ತಟ್ಟುತ್ತಾ, ನಡುನಡುವೆ ಎಣ್ಣೆ ಬಿಡುತ್ತಾ, ಅವರು ಅದನ್ನು ಹೊರಗೆ ಎಳೆದರು. ಒಳಗೆ ಅದಿರಿನ ಪುಡಿಯೂ, ಡ್ರಮ್ಮಿಗೆ ಒತ್ತಿ ಗಾಲಿ ನಿಲ್ಲಿಸುವ ಪಟ್ಟಿಯಾದ ಲೈನರ್ ಸವೆದ ಪುಡಿಯೂ ಸೇರಿ ಗಟ್ಟಿಯಾಗಿ, ಇಟ್ಟಿಗೆಯ ಚೂರಿನಂತೆ ಕೂತಿತ್ತು. ಹುಡುಗನೊಬ್ಬ ಊದಲು ಬಾಯಿ ಹತ್ತಿರ ತಂದಾಗ ಉಸ್ತಾದರು ಅವನ ಕೈ ಹಿಡಿದು ನಿಲ್ಲಿಸಿದರು. ಹಳೆಯ ಲೈನರ್ ಪುಡಿ ಎದೆಗೆ ಹೋಗಬಾರದು. ನೀರು ಚಿಮುಕಿಸಿ ಒದ್ದೆ ಬಟ್ಟೆಯಿಂದಲೇ ಒರೆಸಬೇಕು. ಒರೆಸಿದ ಮೇಲೆ ನಿಜ ಕಾಣಿಸಿತು. ಲೈನರನ್ನು ಒತ್ತುವ ವೀಲ್ ಸಿಲಿಂಡರಿನ ರಬ್ಬರ್ ಹರಿದು, ಬ್ರೇಕ್ ಆಯಿಲ್ ಸೋರಿ, ಲೈನರ್ ಪೂರ್ತಿ ನೆನೆದಿತ್ತು. ಆ ಗಾಲಿ ಎಷ್ಟು ತಿಂಗಳಿಂದ ಹೆಸರಿಗಷ್ಟೇ ಬ್ರೇಕ್ ಹಿಡಿಯುತ್ತಿತ್ತೋ! ಇದೇ ಗಾಡಿಯಲ್ಲಿ ನಾನು ಕೊಂಡ ಮರುದಿನ ಮನೆಯವರನ್ನೆಲ್ಲ ಕೂರಿಸಿಕೊಂಡು ಕುಮಾರಸ್ವಾಮಿ ಗುಡಿಗೆ ಹೋಗಿ, ಆ ತಿರುವುಗಳನ್ನು ಇಳಿದು ಬಂದಿದ್ದೆ. ಶೆಡ್ಡಿನಲ್ಲಿ ಆ ಲೈನರ್ ಕೈಯಲ್ಲಿ ಹಿಡಿದು ನಿಂತಾಗ ನನ್ನ ಮಗಳ ಮುಖ ಕಣ್ಣಮುಂದೆ ಬಂತು. ಅವತ್ತೇ ಆ 1,85,000ದ ಪಟ್ಟಿಯನ್ನು ಹರಿದು ಹಾಕಿದೆ.

ಮುಂದಿನ ಕೆಲಸಗಳು ಒಂದರ ಹಿಂದೆ ಒಂದು ಬಂದವು. ಇಂಜಿನ್ ತಂಪಾಗಿಡುವ ರೇಡಿಯೇಟರಿನ ರೆಕ್ಕೆಗಳ ನಡುವೆ ಅದಿರು ತುಂಬಿ ಗಾಳಿ ಆಡಲು ಜಾಗವೇ ಇರಲಿಲ್ಲ. ಏಪ್ರಿಲ್‌ನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮೊದಲ ಗಿಯರ್‌ನಲ್ಲಿ ಗುಡ್ಡ ಹತ್ತುವ ಇಂಜಿನ್ ಉಸಿರುಕಟ್ಟದೆ ಇರುತ್ತದೆಯೇ? ರೇಡಿಯೇಟರ್ ಇಳಿಸಿ ತೊಳೆಸಿ, ಹೋಸ್ ಪೈಪ್‌ಗಳು, ಥರ್ಮೋಸ್ಟಾಟ್, ಬೆಲ್ಟ್ ಬದಲಿಸಿದೆವು. ಹಿಂದಿನ ಗಾಲಿಗಳನ್ನು ತಿರುಗಿಸುವ ಕ್ರೌನ್ ಗಿಯರಿನ ಎಣ್ಣೆ ಇಳಿಸಿದಾಗ ಅದು ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿತ್ತು. ನೀರು ಹೋಗಿದೆ ಎಂದರ್ಥ, ಎಲ್ಲೋ ಹಳ್ಳ ದಾಟಿಸಿದ್ದಾರೆ. ಸೀಲು ಬದಲಿಸಿ ಹೊಸ ಎಣ್ಣೆ ಹಾಕಿದೆವು.

ಹಿಂದಿನ ಸ್ಪ್ರಿಂಗ್ ಪ್ಲೇಟುಗಳ ಬಗ್ಗೆ ಎರಡು ದಿನ ಚರ್ಚೆಯೇ ನಡೆಯಿತು. ಎಡಭಾಗ ಕುಸಿದಿತ್ತು. ಒಂದು ಪ್ಲೇಟು ಹೆಚ್ಚಿಗೆ ಹಾಕಿಸಿ ಎತ್ತರ ಮಾಡಿ ಎಂದವರು ಹಲವರು. ಗಣಿಯ ಗಾಡಿಗಳಲ್ಲಿ ಅದು ರೂಢಿ, ಭಾರ ಹೊರಬೇಕಲ್ಲ. ಆದರೆ ಖಾಲಿ ಗಾಡಿಗೆ ಗಟ್ಟಿ ಸ್ಪ್ರಿಂಗ್ ಕಟ್ಟಿದರೆ ಕಲ್ಲುದಾರಿಯಲ್ಲಿ ಗಾಲಿ ನೆಲ ಬಿಟ್ಟು ಕುಪ್ಪಳಿಸುತ್ತದೆ. ನೆಲಕ್ಕೆ ತಾಗದ ಗಾಲಿ ಎಳೆಯುವುದೂ ಇಲ್ಲ, ನಿಲ್ಲುವುದೂ ಇಲ್ಲ. ನನ್ನದು ಹಿಂದಿನ ಗಾಲಿಗಳಷ್ಟೇ ಎಳೆಯುವ ಗಾಡಿ, ನಾಲ್ಕೂ ಎಳೆಯುವುದಲ್ಲ. ಆದ್ದರಿಂದ ಎರಡೂ ಕಡೆ ಕಂಪನಿಯ ಅಳತೆಯದೇ ಹೊಸ ಪ್ಲೇಟು, ಹೊಸ ಬುಷ್, ಯು ಬೋಲ್ಟ್, ಶಾಕ್ ಅಬ್ಸಾರ್ಬರ್ ಹಾಕಿಸಿದೆ. ಗಾಡಿ ಈಗ ಕಲ್ಲಿನ ಮೇಲೆ ಎತ್ತಿನಂತೆ ಕಾಲಿಟ್ಟು ನಡೆಯುತ್ತದೆ. ಮಳೆ ಬಿದ್ದ ಎರೆ ನೆಲಕ್ಕೆ ಮಾತ್ರ ನಾನು ಇಳಿಸುವುದಿಲ್ಲ. ಎರೆ ಮಣ್ಣು ಟೈರಿನ ಹಲ್ಲು ಮುಚ್ಚಿದರೆ ನಾಲ್ಕು ಗಾಲಿ ಎಳೆಯುವ ಗಾಡಿಯೂ ಒಂದೇ, ನನ್ನದೂ ಒಂದೇ. ನಮ್ಮ ಜಿಲ್ಲೆಯ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ.

ಒಳಗಿನ ಕೆಲಸ ಸಣ್ಣದು. ಸೀಟು ಕಿತ್ತಿಲ್ಲ, ಬಾಡಿಗೆ ಒಂದು ತೂತೂ ಕೊರೆದಿಲ್ಲ. ಮಧ್ಯದ ಸೀಟು ಮಡಚಿದಾಗ ಅದರ ಮೇಲೆ ಹಾಸುವ ಹಲಗೆ, ಎರಡು ತುಂಡು, 12 ಮಿಲಿಮೀಟರ್ ಪ್ಲೈವುಡ್. ಬೇಡವಾದಾಗ ಎತ್ತಿ ಮನೆಯಲ್ಲಿಟ್ಟರೆ ಆಯಿತು. ನೀರಿನ ಎರಡು ಕ್ಯಾನ್ ಎಂದರೆ 40 ಕಿಲೋ. ಅವು ನೆಲಕ್ಕೇ, ಸೀಟಿನ ಬೆನ್ನಿಗೇ ಒತ್ತಿ ಕೂರಬೇಕು. ತಲೆಯ ಮೇಲೆ ಕ್ಯಾರಿಯರ್ ಕಟ್ಟಿ ಭಾರವೆಲ್ಲ ಅಲ್ಲಿಗೆ ಏರಿಸಿದರೆ ಓರೆ ದಾರಿಯಲ್ಲಿ ಗಾಡಿ ಮಗುಚಲು ನಾವೇ ಕೈ ನೀಡಿದಂತೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸಾಮಾನಿನ ಸುರುಳಿ. ಬಳ್ಳಾರಿ ಜೀನ್ಸ್ ಹೊಲಿಯುವ ಊರು. ನಮ್ಮ ಓಣಿಯ ಟೈಲರ್ ಅಕ್ಕ ಉಳಿದ ಡೆನಿಮ್ ತುಂಡುಗಳನ್ನು ಜೋಡಿಸಿ ಹದಿನಾಲ್ಕು ಜೇಬಿನ ಉದ್ದ ಚೀಲ ಹೊಲಿದುಕೊಟ್ಟರು. ಒಂದೊಂದು ಸ್ಪ್ಯಾನರಿಗೆ ಒಂದೊಂದು ಜೇಬು, ಪ್ಯಾಂಟಿನ ಜೇಬಿಗೆ ಹಾಕುವ ಅದೇ ಹಳದಿ ದಾರದ ಜೋಡಿ ಹೊಲಿಗೆ, ಮೂಲೆಗಳಲ್ಲಿ ತಾಮ್ರದ ರಿವಿಟ್. ಸುತ್ತಿ ಕಟ್ಟಿದರೆ ಸೀಟಿನ ಕೆಳಗೆ ಅಲ್ಲಾಡದೆ ಇರುತ್ತದೆ. "ಸ್ಪ್ಯಾನರ್ ಜಾರಿ ಬಿದ್ದರೆ ನನ್ನನ್ನು ಕೇಳಪ್ಪ" ಎಂದರು. ಆರು ತಿಂಗಳಾಯಿತು, ಒಂದೂ ಬಿದ್ದಿಲ್ಲ. ಜೊತೆಗೆ ಸಲಿಕೆ, ಜಾಕಿನ ಕೆಳಗೆ ಇಡಲು ಒಂದಡಿಯ ಮರದ ದಿಮ್ಮಿ, ಎಳೆಯುವ ಪಟ್ಟಿ, ಬ್ಯಾಟರಿಗೆ ಸಿಕ್ಕಿಸುವ ಗಾಳಿ ಪಂಪು, ಬೆಂಕಿ ನಂದಿಸುವ ಸಿಲಿಂಡರ್. ಸಾಕು.

ಅಡುಗೆಗೆ ಏನು ಕಟ್ಟಿಸಿದ್ದೀರಿ ಎಂದು ಕೇಳುತ್ತಾರೆ. ಏನೂ ಇಲ್ಲ. ನಮ್ಮಲ್ಲಿ ಖಡಕ್ ಜೋಳದ ರೊಟ್ಟಿ ಇದೆ, ಶೇಂಗಾ ಚಟ್ನಿಪುಡಿ ಇದೆ, ಗುರೆಳ್ಳು ಪುಡಿ ಇದೆ, ಮೊಸರು, ಹಸಿ ಈರುಳ್ಳಿ ಇದೆ. ವಾರವಾದರೂ ಕೆಡದ ಬುತ್ತಿ ಕಟ್ಟುವುದನ್ನು ನಮ್ಮ ಅಜ್ಜಿಯರು ಕಲಿಸಿ ಹೋಗಿದ್ದಾರೆ. ಅಭಯಾರಣ್ಯದೊಳಗೆ ಅದಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆ ಹಾಗಿರಲಿ, ಡಿಸೆಂಬರ್ ಕಳೆದ ಮೇಲೆ ಸಂಡೂರಿನ ಗುಡ್ಡದ ಹುಲ್ಲನ್ನು ಒಮ್ಮೆ ಕೈಯಲ್ಲಿ ಮುರಿದು ನೋಡಿದವನು ಅಲ್ಲಿ ಕಡ್ಡಿ ಗೀರಲಾರ. ನಾನು ತಂಗುವುದು ಕಾಡಿನಲ್ಲಲ್ಲ. ಕಾಡಿನ ಅಂಚಿನ ಪರಿಚಿತ ರೈತರ ತೋಟದಲ್ಲಿ, ಅವರನ್ನು ಕೇಳಿ. ಮೊದಲ ಸಲ ಹೋದಾಗ ಆ ಹಿರಿಯರು, "ಎಷ್ಟು ದಿನ ಬೇಕಾದರೂ ಇರಪ್ಪ. ಬೆಂಕಿ ಮಾತ್ರ ಹಾಕಬೇಡ, ಊಟ ಹೊರಗೆ ಬಿಡಬೇಡ, ಕರಡಿ ಬರುತ್ತದೆ" ಎಂದರು. ಕರಡಿಗೆ ಕಣ್ಣು ಮಂದ, ಮೂಗು ಬಲು ಚುರುಕು. ಬುತ್ತಿಯ ಡಬ್ಬಿ ಗಾಡಿಯೊಳಗೆ, ಗಾಜು ಮೇಲೆ. ಅದೇ ನನ್ನ ರಾತ್ರಿಯ ನಿಯಮ.

ಈಗ ಹೇಳದೆ ಬಿಡಲಾಗದ ಒಂದು ಮಾತು. ಮಳೆಗಾಲ ಮುಗಿಯುತ್ತಿದ್ದಂತೆ ಸಂಡೂರಿನ ಗುಡ್ಡಗಳು ಹಸಿರಾಗುತ್ತವೆ. ವಾರದ ಕೊನೆಗೆ ದೊಡ್ಡ ಟೈರಿನ ಗಾಡಿಗಳ ಸಾಲು ಬರುತ್ತದೆ. ದಾರಿ ಬಿಟ್ಟು ಹುಲ್ಲಿನ ಇಳಿಜಾರಿಗೆ ಏರಿಸಿ ವಿಡಿಯೋ ಮಾಡಿಕೊಳ್ಳುತ್ತಾರೆ. ನೆನೆದ ಮಣ್ಣಿನ ಮೇಲೆ ಎರಡು ಟನ್ನಿನ ಗಾಡಿ ಒಮ್ಮೆ ಹತ್ತಿದರೆ ಎರಡು ಗೆರೆ ಮೂಡುತ್ತವೆ. ಆ ಗೆರೆಯಲ್ಲಿ ಮಣ್ಣು ಒತ್ತಿಕೊಂಡು ನೀರು ಇಂಗುವುದು ನಿಲ್ಲುತ್ತದೆ. ಮುಂದಿನ ಮಳೆ ಅದೇ ಗೆರೆ ಹಿಡಿದು ಇಳಿಯುತ್ತದೆ, ಮಣ್ಣನ್ನೂ ಒಯ್ಯುತ್ತದೆ. ಕಳೆದ ವರ್ಷ ನಾನು ಕಂಡ ಒಂದು ಜೋಡಿ ಗೆರೆ ಈ ವರ್ಷ ನನ್ನ ಮೊಣಕಾಲು ಮುಳುಗುವ ಕೊರಕಲಾಗಿದೆ. ಅದರ ಅಂಚಿನಲ್ಲಿ ಹುಲ್ಲಿನ ಬೇರುಗಳು ಗಾಳಿಗೆ ನೇತಾಡುತ್ತಿದ್ದವು. ನಾನು ಕೂತು ಮುಟ್ಟಿ ನೋಡಿದೆ. ಅದಿರಿನ ಲಾರಿಗಳಿಂದ ಈ ಗುಡ್ಡಗಳು ಕಂಡದ್ದು ಸಾಲದೇ? ಹೊಟ್ಟೆಪಾಡಿಗೆ ಆದ ಗಾಯದ ಜೊತೆಗೆ ಮೋಜಿನ ಗಾಯವೂ ಬೇಕೇ?

ಗಾಡಿಯ ಶಕ್ತಿ ಇರುವುದು ದಾರಿಯಲ್ಲಿ ನಡೆಯಲು. ಇರುವ ಕಲ್ಲುದಾರಿಯನ್ನು, ಕೊರಕಲು ಬಿದ್ದ ಬಂಡಿಜಾಡನ್ನು, ಕೆಡದೆ, ನಿಲ್ಲದೆ, ಯಾರ ಸಹಾಯವನ್ನೂ ಕೂಗದೆ ದಾಟುವ ಗಾಡಿಯೇ ಕಾಡಿನ ಗಾಡಿ. ಮೀಸಲು ಅರಣ್ಯದ ದಾರಿಯಾದರೆ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಿ, ಬರೆದುಕೊಟ್ಟು ಹೋಗಿ. ಬೇಡ ಎಂದರೆ ತಿರುಗಿ ಬನ್ನಿ. ನಾನು ಎರಡು ಸಲ ಬಂದಿದ್ದೇನೆ. 1994ರಿಂದ ಇರುವ ದರೋಜಿ ಕರಡಿಧಾಮದಲ್ಲಿ ವೀಕ್ಷಣಾ ಗೋಪುರದ ತನಕ ಬಿಡುತ್ತಾರೆ. ಸಂಜೆ ಅಲ್ಲಿ ಸುಮ್ಮನೆ ಕೂತರೆ ಬಂಡೆಗಳ ನಡುವಿನಿಂದ ತಾಯಿ ಕರಡಿ ಮರಿಯನ್ನು ಬೆನ್ನ ಮೇಲೆ ಹೊತ್ತು ಇಳಿಯುವುದನ್ನು ಕಾಣಬಹುದು. ಅದಕ್ಕೆ ಯಾವ ಸಾಲು ದೀಪವೂ ಬೇಡ. ಕತ್ತಲಾದ ಮೇಲೆ ಹೊರಡುವ ಪ್ರಾಣಿಯ ಕಣ್ಣಿಗೆ ಆ ದೀಪ ಬಿಡುವವರ ಬಗ್ಗೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಲೆಕ್ಕ ಕೇಳಿದವರಿಗೆ: ಟೈರು 31,500. ಬ್ರೇಕ್ 9,800. ರೇಡಿಯೇಟರ್, ಪೈಪು, ಎಣ್ಣೆ, ಸೀಲು ಎಲ್ಲ ಸೇರಿ 11,200. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ 19,000. ಹಲಗೆ, ಡೆನಿಮ್ ಚೀಲ, ಉಳಿದ ಸಾಮಾನು 6,400. ಒಟ್ಟು 77,900 ರೂಪಾಯಿ. ಇದರಲ್ಲಿ ಫೋಟೋದಲ್ಲಿ ಕಾಣುವುದು ಟೈರು ಮಾತ್ರ, ಅದೂ ಹತ್ತಿರ ಬಂದು ನೋಡಿದರೆ.

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಯಾರಾದರೂ ಹಳೆಯ ಗಾಡಿ ಕೊಳ್ಳುವವರಿದ್ದರೆ ಮುಂಗಡ ಕೊಡುವ ಮೊದಲು ನನಗೊಂದು ಸಂದೇಶ ಕಳುಹಿಸಿ. ಭಾನುವಾರ ನನಗೆ ಬಿಡುವು. ಟಾರ್ಚು ನಾನು ತರುತ್ತೇನೆ. ನೀವು ಒಂದು ಹಳೆಯ ಗೋಣಿಚೀಲ ತನ್ನಿ, ಗಾಡಿಯ ಕೆಳಗೆ ಹಾಸಿಕೊಂಡು ಮಲಗಿ ನೋಡೋಣ.